ಶೀನಣ್ಣನ ಗುಲಾಬಿ ಡಬ್ಬ

ಮಲ್ಲೇಶ್ವರಂ ಹದಿನಾಲ್ಕನೇ ಕ್ರಾಸಿನ ಶೀನಣ್ಣನವರಿಗೆ ಸಿನಿಮಾದಲ್ಲಿ ಪಾರ್ಟು ಸಿಕ್ಕಿದ ದಿನ ಅವರು ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡು ತಿಂದರು. ಉಪ್ಪಿಟ್ಟು ಅವರಿಗೆ ಸೇರುವುದಿಲ್ಲ ಎನ್ನುವುದು ಹೆಂಡತಿ ಗೋದಾಗೆ ಮದುವೆಯಾದ ಮೂರನೇ ದಿನದಿಂದಲೂ ಗೊತ್ತು. ಆಕೆ ಸೌಟನ್ನು ಎಡಗೈಗೆ ಬದಲಾಯಿಸಿಕೊಂಡು ಗಂಡನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಸಿನಿಮಾ ಎಂದರೆ ಗಾಂಧಿನಗರದ್ದು ಅಂದುಕೊಳ್ಳಬೇಡಿ. ಮಗಳು ಧೃತಿ ಮತ್ತು ಅವಳ ಪಿಯುಸಿ ಪಟಾಲಂ ಕಾಲೇಜಿನ ಉತ್ಸವಕ್ಕೆಂದು ಮೊಬೈಲಿನಲ್ಲೇ ತೆಗೆಯುತ್ತಿದ್ದ ಇಪ್ಪತ್ತು ನಿಮಿಷದ ಚಿತ್ರ ಅದು. ಕಥೆ ಇಷ್ಟೇ. ಮೂರು ಹುಡುಗಿಯರ ಒಂದು ಬ್ಯಾಂಡು. ಒಬ್ಬ ಕಂಪನಿ ಯಜಮಾನ ಅವರ ಕೈಲಿ ‘ಬೇಕು ಬೇಕು ಬೇಕೇ ಬೇಕು, ಯಾಕೆ ಅಂತ ಕೇಳಬೇಡ’ ಅಂತ ಹಾಡಿಸುತ್ತಾನೆ. ಹಾಡು ಕಿವಿಗೆ ಬಿದ್ದವರೆಲ್ಲ ಮೈಮರೆತು ಬಂದು ಅವನ ಗುಲಾಬಿ ಬಣ್ಣದ ಡಬ್ಬ ತಗೊಂಡು ಹೋಗುತ್ತಾರೆ. ಡಬ್ಬದೊಳಗೆ ಏನೂ ಇರುವುದಿಲ್ಲ. ಆ ಯಜಮಾನನ ಪಾರ್ಟನ್ನು ನೀವೇ ಮಾಡಬೇಕು ಅಂಕಲ್ ಎಂದು ನಿರ್ದೇಶಕ ವಂಶಿ (ಹದಿನೇಳು ವರ್ಷ, ಮೀಸೆ ಇನ್ನೂ ದಾರಿಯಲ್ಲಿದೆ) ಬಂದು ಕೇಳಿಕೊಂಡಿದ್ದ.

ಶೀನಣ್ಣ ಕುಣಿದಾಡಿದ್ದಕ್ಕೆ ಕಾರಣ ಇತ್ತು. ಡಿಗ್ರಿ ಓದುವಾಗ ಕಾಲೇಜು ನಾಟಕದಲ್ಲಿ ಅವರು ದ್ವಾರಪಾಲಕ. ಇದ್ದದ್ದು ಒಂದೇ ಮಾತು: ‘ಅಪ್ಪಣೆ, ಪ್ರಭು.’ ಪ್ರದರ್ಶನದ ದಿನ ಪ್ರಭುವಾಗಿದ್ದವನು ಗಾಬರಿಯಲ್ಲಿ ಅಪ್ಪಣೆ ಕೊಡುವುದನ್ನೇ ಮರೆತು ಮುಂದಿನ ದೃಶ್ಯಕ್ಕೆ ಜಿಗಿದುಬಿಟ್ಟ. ಆವತ್ತು ಬಾಯಿ ತೆರೆದು ನಿಂತ ಶೀನಣ್ಣ ಮೂವತ್ತು ವರ್ಷದಿಂದ ಹಾಗೇ ನಿಂತಿದ್ದರು ಅನ್ನಬೇಕು. ಈಗ ವಂಶಿ ಕೊಟ್ಟಿದ್ದು ಒಂದೂವರೆ ಪುಟದ ಭಾಷಣ. ಅದನ್ನು ಜನ ಕೇಳಬೇಕು, ಅದೂ ತಮ್ಮ ಸ್ಕೂಲಿನ ಹೆಡ್‌ಮಾಸ್ಟರ್ ರಾಮಸ್ವಾಮಿಯವರು ಮುಂದಿನ ಸಾಲಲ್ಲಿ ಕೂತು ಕೇಳಬೇಕು ಅನ್ನುವುದೊಂದೇ ಅವರ ಜೀವನದ ಆಸೆಯಾಗಿ ಉಳಿಯಿತು.

ಇನ್ನೊಂದು ಕಾರಣವೂ ಇತ್ತು. ಶೀನಣ್ಣ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ‘ಅಗತ್ಯ ಮತ್ತು ಬಯಕೆ’ ಅನ್ನುವ ಪಾಠವನ್ನು ಅವರು ಮಾಡಿದ ಹಾಗೆ ಇನ್ಯಾರೂ ಮಾಡಲಾರರು ಎಂದು ಅವರೇ ಒಪ್ಪಿಕೊಂಡಿದ್ದರು. ದೀಪಾವಳಿ ಡಿಸ್ಕೌಂಟಿನ ವಾರದಲ್ಲಿ ಸಂಪಿಗೆ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಕೈ ಹಿಂದಕ್ಕೆ ಕಟ್ಟಿಕೊಂಡು ನಡೆದು ಏನೂ ಕೊಳ್ಳದೆ ವಾಪಸು ಬರುವುದು ಅವರ ವಾರ್ಷಿಕ ವ್ರತ. ವಸ್ತುಗಳ ಮೋಹ ತಮಗೆ ಲವಲೇಶವೂ ಇಲ್ಲ ಎಂದು ಅವರು ಹೇಳಿದಾಗಲೆಲ್ಲ ಗೋದಾ ಸುಮ್ಮನೆ ತಲೆಯೆತ್ತಿ ಅಟ್ಟದ ಕಡೆ ನೋಡುತ್ತಿದ್ದರು.

ಅಟ್ಟದಲ್ಲಿ ಡಬ್ಬಗಳಿದ್ದವು. ಸ್ವೀಟಿನ ಡಬ್ಬ, ಚಪ್ಪಲಿ ಡಬ್ಬ, ಮಿಕ್ಸಿ ಬಂದ ಡಬ್ಬ (ಮಿಕ್ಸಿ ಹೋಗಿ ಹನ್ನೊಂದು ವರ್ಷವಾಯಿತು), ಮದುವೆಯಲ್ಲಿ ಮಾವ ಕೊಟ್ಟ ಸೂಟ್‌ಪೀಸಿನ ದಪ್ಪ ರಟ್ಟಿನ ಡಬ್ಬ. ಒಂದನ್ನೂ ಎಸೆಯಲು ಬಿಡುತ್ತಿರಲಿಲ್ಲ. ಒಳ್ಳೇ ಡಬ್ಬ ಕಣೇ, ಯಾವಾಗಲಾದರೂ ಬೇಕಾಗುತ್ತೆ ಅನ್ನುವರು. ಆ ಯಾವಾಗಲಾದರೂ ಈಗ ಬಂದಿತ್ತು. ಧೃತಿ ಕೇಳಿದ ಕೂಡಲೇ ಮೂವತ್ತೆರಡು ಡಬ್ಬ ಕೆಳಗಿಳಿಸಿದರು. ಬಣ್ಣ ಬಳಿಯಿರಿ, ರಿಬ್ಬನ್ ಕಟ್ಟಿ, ಆದರೆ ಮೂವತ್ತೆರಡೂ ನನಗೆ ವಾಪಸು ಬರಬೇಕು ಎಂದು ಷರತ್ತು ಹಾಕಿದರು.

ಶೂಟಿಂಗಿಗೆ ಸಿಕ್ಕಿದ್ದು ನವರಾತ್ರಿಯ ಶುಕ್ರವಾರ. ಒಳಗೆ ನಡುಮನೆಯಲ್ಲಿ ಗೋದಾ ಏಳು ಮೆಟ್ಟಿಲಿನ ಗೊಂಬೆ ಕೂರಿಸಿದ್ದರು. ಐದು ಗಂಟೆಗೆ ಗೊಂಬೆ ನೋಡಲು ಹೆಂಗಸರು ಬರುತ್ತಾರೆ, ಅಷ್ಟರೊಳಗೆ ನಿಮ್ಮ ಕುಣಿತ ಮುಗಿಸಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕಾಲು ಮುರೀತೀನಿ ಎಂದು ಎಚ್ಚರಿಕೆ ಕೊಟ್ಟು ಆಕೆ ಬಾಗಿನದ ತಟ್ಟೆ ಜೋಡಿಸಲು ಕೂತರು. ಹೊರಗೆ ವರಾಂಡದ ಮೇಜಿನ ಮೇಲೆ ಮೂವತ್ತೆರಡು ಗುಲಾಬಿ ಡಬ್ಬಗಳು ಗೋಪುರವಾಗಿ ನಿಂತವು. ಪಕ್ಕದಲ್ಲಿ ಧೃತಿ, ಯಮುನಾ, ಆರಾಧನಾ ಮಿರಿಮಿರಿ ಮಿಂಚುವ ಅಂಗಿ ತೊಟ್ಟು ಮೈಕಿನ ಬದಲು ಬಾಚಣಿಗೆ ಹಿಡಿದು ನಿಂತರು. ಶೀನಣ್ಣ ಮದುವೆಯ ಕೋಟು ಹಾಕಿ, ಉಸಿರನ್ನು ಒಳಗೆಳೆದುಕೊಂಡು ಗುಂಡಿ ಹಾಕಿದರು.

ವಂಶಿ ಚಿತ್ರ ತೆಗೆಯಲು ಮೊಬೈಲ್ ಹಿಡಿದು ಎದುರು ಮನೆಯ ತಾರಸಿ ಹತ್ತುವ ಮುಂಚೆ ಒಂದೇ ಮಾತು ಹೇಳಿ ಹೋದ.

“ಅಂಕಲ್, ನಾಲ್ಕೂವರೆಗೆ ನಮ್ ಕ್ರೌಡ್ ಬರುತ್ತೆ. ಗೇಟ್ ತೆಗೆದ್ ತಕ್ಷಣ ಶುರು ಮಾಡ್ಬಿಡಿ. ನಾನು ಕಟ್ ಅನ್ನೋವರ್ಗೂ ನಿಲ್ಲಿಸ್ಬೇಡಿ.”

ನಾಲ್ಕೂವರೆಗೆ ಸರಿಯಾಗಿ ಗೇಟು ಕಿರ್ರೆಂದಿತು. ಹತ್ತು ಹನ್ನೆರಡು ಹೆಂಗಸರು, ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಏನು ವೇಷಭೂಷಣ, ಏನು ಅಚ್ಚುಕಟ್ಟು ಎಂದು ಶೀನಣ್ಣನ ಎದೆ ಉಬ್ಬಿತು. ಮುಂದೆ ಪಕ್ಕದ ಮನೆ ಪಿಳ್ಳಮ್ಮ ಇದ್ದದ್ದೂ ಕಂಡಿತು. ಸೈಟು, ಬಾಡಿಗೆ ಮನೆಗಳ ವ್ಯವಹಾರವನ್ನೆಲ್ಲ ಒಬ್ಬರೇ ನಿಭಾಯಿಸುವ ಹೆಂಗಸು, ಇವರನ್ನೂ ಹುಡುಗರು ಒಪ್ಪಿಸಿಬಿಟ್ಟರಲ್ಲ, ಭೇಷ್ ಅಂದುಕೊಂಡರು. ನಿಜ ಏನೆಂದರೆ ಪಿಳ್ಳಮ್ಮ ತಮ್ಮ ಭಜನೆ ಮಂಡಳಿಯನ್ನು ಕಟ್ಟಿಕೊಂಡು ಗೊಂಬೆ ನೋಡಲು ಅರ್ಧ ಗಂಟೆ ಮುಂಚೆ ಬಂದಿದ್ದರು. ಇನ್ನೂ ಐದು ಮನೆಯ ಗೊಂಬೆ ಬಾಕಿ ಇತ್ತು.

ಹುಡುಗಿಯರು ಹಾಡು ಎತ್ತಿಕೊಂಡರು. ಶೀನಣ್ಣ ಎರಡೂ ಕೈ ಚಾಚಿದರು.

“ಮಹಾಜನಗಳೇ, ಇದರೊಳಗೆ ಏನೂ ಇಲ್ಲ. ಆದ್ದರಿಂದಲೇ ಇದು ನಿಮಗೆ ಬೇಕು.”

ಮೂವತ್ತು ವರ್ಷದಿಂದ ಗಂಟಲಲ್ಲಿ ಕೂತಿದ್ದ ದನಿ ಅದು. ವರಾಂಡದ ಹೆಂಚು ನಡುಗಿತು. ಹೆಂಗಸರು ಕಲ್ಲಾಗಿ ನಿಂತರು. ಏನೂ ಇಲ್ಲ, ಎಲ್ಲ ಶೂನ್ಯ ಅನ್ನುವ ಮಾತು ಕೇಳಿ ಪಿಳ್ಳಮ್ಮನಿಗೆ ಮೇಷ್ಟ್ರು ಹಬ್ಬದ ಪ್ರಯುಕ್ತ ವೇದಾಂತ ಹೇಳುತ್ತಿದ್ದಾರೆ ಎಂದು ಭಕ್ತಿ ಬಂತು. ಭಾಷಣ ಮುಗಿಸಿ ಶೀನಣ್ಣ ಮೊದಲ ಡಬ್ಬ ಚಾಚಿದಾಗ ಗೊಂಬೆ ಮನೆಯಲ್ಲಿ ಕೊಡುವುದು ಬಾಗಿನವಲ್ಲದೆ ಇನ್ನೇನು ಎಂದು ಆಕೆ ಸೆರಗೊಡ್ಡಿ ಈಸಿಕೊಂಡು ಕಣ್ಣಿಗೊತ್ತಿಕೊಂಡರು. ಆ ಕಣ್ಣಿಗೊತ್ತಿಕೊಂಡದ್ದಂತೂ ಅದ್ಭುತ ಅಭಿನಯ ಅನ್ನಿಸಿತು ಶೀನಣ್ಣನಿಗೆ. ಹುರುಪೇರಿ ಎಲ್ಲರಿಗೂ ಒಂದೊಂದು ಕೊಟ್ಟರು. ಬಾರದ ಸೊಸೆಗೆ ಒಂದು, ಮೊಣಕಾಲು ನೋವಿನ ಅತ್ತೆಗೆ ಒಂದು ಎಂದು ಕೇಳಿದವರಿಗೂ ಕೊಟ್ಟರು. ಗೋಪುರ ಕರಗಿತು. ಹೆಂಗಸರು ಒಳಗೆ ಹೋಗಿ ಗೊಂಬೆ ನೋಡಿ, ಒಂದು ಹಾಡು ಹಾಡಿ, ಗೋದಾ ಕೈಯಿಂದ ಎರಡನೇ ಬಾಗಿನ ಪಡೆದು, ಈ ಮನೆಯವರ ಧಾರಾಳವನ್ನು ಹೊಗಳುತ್ತ ಹೊರಬಿದ್ದರು.

ಆಗ ಧೃತಿಗೆ ಫೋನು ಬಂತು. ಕ್ರೌಡು ಇನ್ನೂ ವೈಯಾಲಿಕಾವಲ್ ಹತ್ತಿರ ಆಟೋ ಹುಡುಕುತ್ತಿತ್ತು.

ಶೀನಣ್ಣ ಗೇಟಿನ ಕಡೆ ನೋಡಿದರು. ಎಲ್ಲರ ಹಿಂದೆ, ಎರಡು ಡಬ್ಬ ಹಿಡಿದು ನಿಧಾನವಾಗಿ ಹೋಗುತ್ತಿದ್ದ ಪಿಳ್ಳಮ್ಮನ ಕಂಕುಳಲ್ಲಿ ಗುಲಾಬಿ ಬಣ್ಣದಡಿಯಿಂದ ಇಣುಕುತ್ತಿದ್ದದ್ದು ಮಾವನ ಸೂಟ್‌ಪೀಸಿನ ಡಬ್ಬ. ಅವರು ಓಡಿಹೋಗಿ ಅದರ ಒಂದು ಮೂಲೆ ಹಿಡಿದೇಬಿಟ್ಟರು.

“ಪಿಳ್ಳಮ್ಮೋರೆ, ಡಬ್ಬ ನಂದು.”

“ಏನ್ ಮೇಷ್ಟ್ರೇ, ಕೊಟ್ಟ ಬಾಗಿನ ಕಿತ್ಕೊಳ್ತೀರಾ? ಹಬ್ಬದ ದಿವ್ಸ?”

“ಒಳಗೆ ಏನೂ ಇಲ್ಲ, ನೋಡ್ಕೊಳ್ಳಿ.”

“ಏನೂ ಇಲ್ದೇ ಇದ್ರೆ ನಿಮಗ್ಯಾಕೆ ಮತ್ತೆ?”

“ನಿಮಗ್ಯಾಕೆ?”

“ಒಳ್ಳೇ ಡಬ್ಬ ಅದು. ಯಾವಾಗಾದ್ರೂ ಬೇಕಾಗುತ್ತೆ.”

ಶೀನಣ್ಣ ಇನ್ನೊಂದು ಕೈಯನ್ನೂ ಡಬ್ಬಕ್ಕೆ ಹಾಕಿದರು. ಆ ಕಡೆ ಈ ಕಡೆ ಜಗ್ಗಾಟ ನಡೆಯಿತು, ಕೋಟಿನ ಗುಂಡಿ ಸಿಡಿದು ಕ್ರೋಟನ್ ಕುಂಡಕ್ಕೆ ಬಿತ್ತು, ಹುಡುಗಿಯರು ಕಟ್ ಅನ್ನುವವರಿಲ್ಲದೆ ‘ಬೇಕು ಬೇಕು ಬೇಕೇ ಬೇಕು’ ಎಂದು ನಾಲ್ಕನೇ ಸುತ್ತು ಹಾಡುತ್ತಲೇ ಇದ್ದರು. ಕೊನೆಗೆ ಮುಚ್ಚಳ ಪಿಳ್ಳಮ್ಮನಿಗೂ ತಳ ಶೀನಣ್ಣನಿಗೂ ಬಂತು. ಗದ್ದಲ ಕೇಳಿ ಹೊರಬಂದ ಗೋದಾ ಗಂಡನ ಕೈಲಿದ್ದ ತಳವನ್ನು ಕಿತ್ತುಕೊಂಡು, ಅದರ ಮೇಲೊಂದು ರವಿಕೆ ಕಣ, ತೆಂಗಿನಕಾಯಿ ಇಟ್ಟು ಪಿಳ್ಳಮ್ಮನಿಗೇ ಕೊಟ್ಟು ಕಳಿಸಿದರು. ಮೂವತ್ತೆರಡರಲ್ಲಿ ಒಂದೂ ಉಳಿಯಲಿಲ್ಲ.

ಶೀನಣ್ಣ ಎರಡು ದಿನ ಅಟ್ಟದ ಕಡೆ ನೋಡಲಿಲ್ಲ. ಮೂರನೇ ದಿನ ಸಮಾಧಾನ ಮಾಡಿಕೊಂಡರು. ಡಬ್ಬ ಹೋದರೆ ಹೋಯಿತು, ಭಾಷಣ ಇದೆಯಲ್ಲ, ಒಂದಕ್ಷರ ತಪ್ಪಿರಲಿಲ್ಲ. ಸ್ಟಾಫ್ ರೂಮಿಗೆ ಹೋಗಿ ರಾಮಸ್ವಾಮಿಯವರಿಂದ ಹಿಡಿದು ಎಲ್ಲರನ್ನೂ ಕರೆದುಬಂದರು.

ಪ್ರದರ್ಶನದ ಸಂಜೆ ಕಾಲೇಜಿನ ಸಭಾಂಗಣ ತುಂಬಿತ್ತು. ಚಿತ್ರ ಶುರುವಾಯಿತು. ಶೀನಣ್ಣ ತೆರೆಯ ಮೇಲೆ ಬಂದರು, ಕೈ ಚಾಚಿದರು, ‘ಇದರೊಳಗೆ ಏನೂ ಇಲ್ಲ, ಆದ್ದರಿಂದಲೇ ಇದು ನಿಮಗೆ ಬೇಕು’ ಎಂದರು. ಅಷ್ಟೇ. ಉಳಿದ ಒಂದೂವರೆ ಪುಟವನ್ನು ವಂಶಿ ಎತ್ತಿ ಬಿಸಾಕಿದ್ದ. ಅದರ ಬದಲು ಬಂದದ್ದು ಗೇಟಿನ ಹತ್ತಿರದ ಜಗ್ಗಾಟ, ಪೂರ್ತಿ ಎರಡು ನಿಮಿಷ, ಒಂದೂ ಕಟ್ ಇಲ್ಲದೆ. ಖಾಲಿ ಡಬ್ಬಕ್ಕಾಗಿ ಹಲ್ಲುಕಚ್ಚಿ ಎಳೆಯುತ್ತಿದ್ದ ಆ ಮನುಷ್ಯನನ್ನು ನೋಡಿ ಸಭೆ ಬಿದ್ದು ಬಿದ್ದು ನಕ್ಕಿತು. ರಾಮಸ್ವಾಮಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎರಡು ಸಾಲು ಮುಂದೆ ಕೂತಿದ್ದ ಪಿಳ್ಳಮ್ಮ ತಿರುಗಿ ಕೈ ಬೀಸಿದರು. ಶೀನಣ್ಣನಿಗೆ ಕುರ್ಚಿಯ ಕೆಳಗೆ ಸೇರಿಕೊಂಡರೆ ಸಾಕು ಅನ್ನಿಸಿತು.

ಅಷ್ಟರಲ್ಲಿ ಬಹುಮಾನ ಘೋಷಿಸಿದರು. ಅತ್ಯುತ್ತಮ ಹಾಸ್ಯನಟ, ಶೀನಣ್ಣ. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾಚಿಕೆ ಎಲ್ಲಿ ಹಾರಿಹೋಯಿತೋ, ಅವರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ದೊಡ್ಡ ಬೆಳ್ಳಿ ಬಣ್ಣದ ಕಪ್ಪು, ಅದನ್ನಿಡಲು ಒಳಗೆ ನೀಲಿ ಮಖಮಲ್ ಹಾಸಿದ ಗಟ್ಟಿ ಪೆಟ್ಟಿಗೆ. ಹುಡುಗರು ಕಪ್ಪನ್ನು ಕೈಯಿಂದ ಕೈಗೆ ದಾಟಿಸುತ್ತ ಅವರ ಜೊತೆ ನೂರು ಸೆಲ್ಫಿ ತೆಗೆದರು. ಅಂಕಲ್ ಸೂಪರ್, ಅಂಕಲ್ ಬೆಂಕಿ ಅಂದರು. ಇಷ್ಟು ಸಂತೋಷವನ್ನು ಶೀನಣ್ಣ ಜನ್ಮದಲ್ಲಿ ಕಂಡಿರಲಿಲ್ಲ.

ಮನೆಗೆ ಹೋಗುವ ಆಟೋದಲ್ಲಿ ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ತೋಳಲ್ಲಿ ಅಪ್ಪಿಕೊಂಡಿದ್ದರು. ಹಂಪ್ ಬಂದಾಗಲೆಲ್ಲ ಡ್ರೈವರಿಗೆ ಹುಷಾರಪ್ಪ ಅಂದರು. ಹೆಂಡತಿಗೂ ಮಗಳಿಗೂ ಭಾಷಣ ಶುರುವಾಯಿತು. ಒಂದೂವರೆ ಪುಟ ಕತ್ತರಿಸಿದರೇನು, ಕಲೆ ದೊಡ್ಡದು. ಈ ಚಿತ್ರದಿಂದ ತಮಗೇ ಒಂದು ಪಾಠವಾಯಿತು, ಇನ್ನು ಖಾಲಿ ಡಬ್ಬಗಳ ಸಹವಾಸವೇ ಬೇಡ, ಅಟ್ಟ ಖಾಲಿಯಾಗೇ ಇರಲಿ ಎಂದರು. ಗೋದಾಗೆ ಕಣ್ಣು ತುಂಬಿ ಬಂತು. ಇಪ್ಪತ್ತೆಂಟು ವರ್ಷಕ್ಕೆ ಈ ಮಾತು ಕೇಳಿದರಲ್ಲ.

“ಎಲ್ಲಿ, ಕಪ್ ಒಂದ್ಸಲ ನೋಡೋಣ ಕೊಡ್ರಿ,” ಅಂದರು.

ಶೀನಣ್ಣ ಹೆಮ್ಮೆಯಿಂದ ಪೆಟ್ಟಿಗೆ ಅವರ ಕಡೆ ವಾಲಿಸಿದರು. ಗೋದಾ ಚಿಲಕ ತೆಗೆದು ಮುಚ್ಚಳ ಎತ್ತಿದರು. ಒಳಗೆ ನೀಲಿ ಮಖಮಲ್ ಇತ್ತು. ಅದರ ನಡುವೆ ಕಪ್ಪಿನ ಆಕಾರದ ಒಂದು ಗುಳಿ ಇತ್ತು. ಕಪ್ಪು ಸಭಾಂಗಣದಲ್ಲಿ ಯಾರ ಕೈಲಿತ್ತೋ, ಆ ವಂಶಿಗೇ ಗೊತ್ತು.

ಗೋದಾ ಗಂಡನ ಕಡೆ ತಿರುಗಿದರು.

“ಮಹಾಜನಗಳೇ,” ಅಂದರು ನಿಧಾನವಾಗಿ, “ಇದರೊಳಗೆ ಏನೂ ಇಲ್ಲ.”

ಆಟೋ ತಿರುಗಿಸಪ್ಪ ಎಂದು ಡ್ರೈವರಿಗೆ ಹೇಳಿ, ಪೆಟ್ಟಿಗೆಯನ್ನು ಹೊರಗೆಸೆಯಲು ಆಕೆ ಕೈ ಹಾಕಿದರು. ಅದು ಬರಲಿಲ್ಲ. ಇನ್ನೊಂದು ತುದಿಯನ್ನು ಶೀನಣ್ಣ ಬಿಗಿಯಾಗಿ ಹಿಡಿದುಕೊಂಡಿದ್ದರು. ಮೂಲೆಯಲ್ಲಿ ಧೃತಿ ಆಗಲೇ ಮೊಬೈಲ್ ಎತ್ತಿದ್ದಳು.