ಉಂಗುರದ ಕೈಗೆ ಬೆಂಕಿರೋಗ

ಆಸಕ್ತಿ ಎನ್ನುವುದು ಮನುಷ್ಯನಿಗೆ ಒಳಗಿನಿಂದ ಹುಟ್ಟಬೇಕು ಎಂದು ಬಲ್ಲವರು ಹೇಳುತ್ತಾರೆ. ನನ್ನದು ಊಟದ ಡಬ್ಬಿಯಿಂದ ಹುಟ್ಟಿತು. ಈ ಸಂಗತಿಯನ್ನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ನೀವೇನೂ ಹೊರಗಿನವರಲ್ಲ, ಹೇಳಿಬಿಡುತ್ತೇನೆ. ನಾನು ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಭಾಗದ ಮೇಷ್ಟ್ರು. ನಮ್ಮ ವಿಭಾಗಕ್ಕೊಂದು ವೆಬ್‌ಸೈಟಿದೆ. ಅದರಲ್ಲಿ ಎಂಟು ಜನ ಮೇಷ್ಟ್ರುಗಳ ಫೋಟೋ ಇದ್ದು, ಪ್ರತಿ ಫೋಟೋದ ಕೆಳಗೆ ‘ಸಂಶೋಧನಾ ಆಸಕ್ತಿ’ ಎಂಬ ಒಂದು ಸಾಲಿದೆ. ಎಂಟೂ ಜನ ಆ ಸಾಲಿನಲ್ಲಿ ‘ಮಷಿನ್ ಲರ್ನಿಂಗ್’ ಎಂದು ಬರೆದುಕೊಂಡು ಹಲವು ವರ್ಷ ನೆಮ್ಮದಿಯಾಗಿದ್ದೆವು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಯಂತ್ರಕ್ಕೆ ಸಾವಿರ ನಾಯಿ, ಸಾವಿರ ಬೆಕ್ಕಿನ ಫೋಟೋ ತೋರಿಸಿ, ಆಮೇಲೆ ಹೊಸದೊಂದು ಫೋಟೋ ಹಿಡಿದು ‘ಇದು ಯಾವುದು ಹೇಳು’ ಎಂದು ಕೇಳುವ ವಿದ್ಯೆ ಅದು. ಯಾರು ಬೇಕಾದರೂ ಬರೆದುಕೊಳ್ಳಬಹುದು, ಯಾರೂ ಬಂದು ಪರೀಕ್ಷೆ ಮಾಡುವುದಿಲ್ಲ.

ಹೀಗಿರುವಾಗ ಮೇಲಿನಿಂದ ಒಂದು ಪತ್ರ ಬಂತು. ಎಂಟು ಜನಕ್ಕೂ ಒಂದೇ ಆಸಕ್ತಿ ಇರುವುದು ಶೋಭೆಯಲ್ಲ, ಸಂಜೆಯೊಳಗೆ ಒಬ್ಬೊಬ್ಬರೂ ಒಂದೊಂದು ಬೇರೆ ಕ್ಷೇತ್ರ ಹಿಡಿಯತಕ್ಕದ್ದು ಎಂದು. ಪತ್ರ ಓದಿದ ಕೂಡಲೇ ಗದ್ದಲ ಶುರುವಾಯಿತು. ವೈದ್ಯಕೀಯ ಕ್ಷೇತ್ರಕ್ಕೆ ಐದು ಜನ ಕೈ ಎತ್ತಿದರು. ನಮ್ಮ ಮುಖ್ಯಸ್ಥೆ ನಾಗವೇಣಿ ಮೇಡಂ ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ನಿಂತು ಬರುವವರು. ಗದ್ದಲ ಅವರಿಗೆ ಹೊಸದಲ್ಲ. ಅವರು ತಮ್ಮ ಊಟದ ಡಬ್ಬಿಯನ್ನು ಖಾಲಿ ಮಾಡಿ, ಎಂಟು ಚೀಟಿ ಬರೆದು ಅದರೊಳಗೆ ಹಾಕಿ, “ಜಗಳ ಬ್ಯಾಡ್ರಿ, ಒಬ್ಬೊಬ್ರು ಎತ್ರಿ. ಎತ್ತಿದ ಚೀಟಿ ವಾಪಸ್ ಇಲ್ಲ” ಎಂದರು. ತನ್ನ ಪಾಸ್‌ವರ್ಡ್ ವಾರಕ್ಕೆರಡು ಸಲ ಮರೆಯುವ ಮೇಷ್ಟ್ರಿಗೆ ಕಂಪ್ಯೂಟರ್ ಭದ್ರತೆ ಬಂತು. ವರ್ಷಕ್ಕೆ ನಾಲ್ಕು ಮಾತಾಡುವ ಮಹಾಶಯನಿಗೆ ಮನುಷ್ಯರ ಮಾತನ್ನು ಯಂತ್ರಕ್ಕೆ ಕಲಿಸುವ ಕೆಲಸ ಬಂತು. ಅವನು ಚೀಟಿ ನೋಡಿ ಏನೂ ಹೇಳಲಿಲ್ಲ. ಶೇಂಗಾ ಚಟ್ನಿಯ ಎಣ್ಣೆ ಮೆತ್ತಿದ್ದ ನನ್ನ ಚೀಟಿಯಲ್ಲಿ ‘ಕೃಷಿ’ ಎಂದಿತ್ತು.

ನನಗೂ ಕೃಷಿಗೂ ಇರುವ ಸಂಬಂಧವನ್ನು ಇಲ್ಲಿ ವಿವರಿಸಬೇಕು. ನಾನು ಹುಟ್ಟಿ ಬೆಳೆದದ್ದು ಕೌಲ್ ಬಜಾರಿನಲ್ಲಿ. ನಮ್ಮಪ್ಪನದು ವಾಚ್ ರಿಪೇರಿ ಅಂಗಡಿ. ಎಡಕ್ಕೆ ಹೊಲಿಗೆಯವರು, ಬಲಕ್ಕೆ ಆಟೋ ಸೀಟು ಹೊಲಿಯುವವರು. ಆ ಬೀದಿಯಲ್ಲಿ ನಾನು ಕಂಡ ಹಸಿರೆಂದರೆ ಕೊತ್ತಂಬರಿ ಕಟ್ಟು ಒಂದೇ. ಇಂಥವನಿಗೆ ದೈವ ಗಂಟುಹಾಕಿದ್ದು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಪಂಪನಗೌಡರ ಮಗಳು ಸುವರ್ಣಳನ್ನು. ಪಂಪನಗೌಡರು ಎಂದರೆ ನೆಲ್ಲಿನ, ಅಂದರೆ ಭತ್ತದ, ಗದ್ದೆಯಲ್ಲೇ ಕೂದಲು ಹಣ್ಣಾದವರು. ಮದುವೆಯಾದ ಹೊಸದರಲ್ಲಿ ಅವರು ನನ್ನನ್ನು ಗದ್ದೆಗೆ ಕರೆದುಕೊಂಡು ಹೋಗಿ, ನಾಟಿಗೆ ಬಂದಿದ್ದ ಸಸಿಮಡಿಯನ್ನು ಬಹಳ ಹೆಮ್ಮೆಯಿಂದ ತೋರಿಸಿದರು. ಏನಾದರೂ ಒಳ್ಳೆಯ ಮಾತು ಆಡಬೇಕಲ್ಲ ಎಂದು ನಾನು, “ಹುಲ್ಲು ಭಾಳ ಚೆನ್ನಾಗಿ ಬೆಳೆಸಿದ್ದೀರಿ ಮಾವ” ಅಂದೆ. ಅವರು ಅಲ್ಲಿಂದ ಇಪ್ಪತ್ತೆರಡು ವರ್ಷ, ‘ಊಟ ಆತಾ?’ ಎಂಬುದನ್ನು ಬಿಟ್ಟರೆ ನನ್ನ ಜೊತೆ ಬೇರೆ ವಿಷಯ ತೆಗೆಯಲಿಲ್ಲ.

ಮಾವನಿಗೆ ನನ್ನಿಂದ ಆಗಿದ್ದ ನಿಜವಾದ ತೊಂದರೆ ಬೇರೆ ಇತ್ತು. ಅಳಿಯ ಏನು ಮಾಡುತ್ತಾನೆ ಎಂದು ಊರವರು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಕಂಪ್ಯೂಟರ್ ಎಂದು ಹೇಳಿ ನೋಡಿದರು. ಮುಂದಿನ ಸಲ ನಾನು ಹೋದಾಗ ನಾಲ್ಕು ಜನ ಕೆಟ್ಟ ಮೊಬೈಲು ಹಿಡಿದು ಕಟ್ಟೆ ಮೇಲೆ ಕೂತಿದ್ದರು. ಒಂದನ್ನೂ ರಿಪೇರಿ ಮಾಡಲು ನನಗೆ ಆಗಲಿಲ್ಲ. ವಾಚಾಗಿದ್ದರೆ ಒಂದು ಕೈ ನೋಡುತ್ತಿದ್ದೆ. ಇದರ ಮೇಲೆ ಗಾಯಕ್ಕೆ ಉಪ್ಪು ಹಚ್ಚಿದಂತೆ, ಮಾವನ ಗೆಳೆಯ ಸುಬ್ಬಯ್ಯ. ಇವರು ಹಿಂದೆ ಆಂಧ್ರದಿಂದ ಬಂದು, ಕ್ಯಾಂಪ್ ಎನ್ನುವ ವಲಸೆಯವರ ಊರಿನಲ್ಲಿ ನೆಲೆ ನಿಂತ ರೈತರು, ಮಾವನ ಗದ್ದೆಯ ಪಕ್ಕದ ಗದ್ದೆಯವರು. ಸುಬ್ಬಯ್ಯನವರ ಅಳಿಯನದು ಸಿರುಗುಪ್ಪದಲ್ಲಿ ಎಣ್ಣೆ ಅಂಗಡಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಬೆಳೆಗೆ ಹೊಡೆಯುವ ಔಷಧಿಯದು. ಊರಲ್ಲಿ ಯಾರ ಗದ್ದೆಗೆ ರೋಗ ಬಂದರೂ ಆ ಅಳಿಯನ ಹೆಸರು ಬರುತ್ತಿತ್ತು. ನನ್ನ ಹೆಸರು ಯಾವುದಕ್ಕೂ ಬರುತ್ತಿರಲಿಲ್ಲ.

ಚೀಟಿಯ ಕಥೆ ಕೇಳಿ ಸುವರ್ಣ ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕಳು. ನಕ್ಕು ಸುಸ್ತಾದ ಮೇಲೆ ಅಪ್ಪನಿಗೆ ಫೋನು ಮಾಡಿದಳು. ಆಮೇಲೆ ಮಾವ ನನಗೆ ಫೋನು ಕೊಡಲು ಹೇಳಿದರು. “ಅಳಿಯಾರೆ, ನೆಲ್ಲಿನ ರೋಗ ಕಂಡುಹಿಡಿಯಾಕ ಹತ್ತೀರಂತ? ಎಲಿ ನಾನು ಕಳಸ್ತೀನಿ. ಎಷ್ಟ್ ಬೇಕು ಹೇಳ್ರಿ.” ನಾನು ಇನ್ನೂ ಏನನ್ನೂ ಕಂಡುಹಿಡಿಯಲು ಹತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷಗಳ ನಂತರ ಊಟ ಬಿಟ್ಟು ಬೇರೆ ಮಾತು ಬಂದಿದೆ. ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಮರುದಿನದಿಂದಲೇ ಬಸ್ ಕಂಡಕ್ಟರುಗಳ ಕೈಯಲ್ಲಿ ಪಾರ್ಸಲ್ಲು ಬರತೊಡಗಿದವು. ಒದ್ದೆ ಪೇಪರಿನಲ್ಲಿ ಸುತ್ತಿದ ಎಲೆಗಳು, ಜೊತೆಗೆ ಮಾವನ ಕೈಬರಹದ ಚೀಟಿ: ‘ಬೆಂಕಿರೋಗ. ಪಕ್ಕಾ.’ ನೆಲ್ಲಿನ ಎಲೆಯ ಮೇಲೆ ಕಣ್ಣಿನ ಆಕಾರದ ಚುಕ್ಕೆ ಎದ್ದು, ಗದ್ದೆಗೆ ಗದ್ದೆಯೇ ಸುಟ್ಟಂತೆ ಮಾಡುವ ರೋಗ ಅದು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಪಾರ್ಸಲ್ ಬಿಡಿಸಿಕೊಂಡು, ವಿಭಾಗದ ಕಿಟಕಿಯ ಹತ್ತಿರ ನಿಂತು, ಒಂದೊಂದೇ ಎಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಫೋಟೋ ಹೊಡೆದೆ. ಆ ಕೈಯಲ್ಲಿ ಮದುವೆಯಲ್ಲಿ ಮಾವನೇ ತೊಡಿಸಿದ ಹವಳದ ಉಂಗುರವಿದೆ. ಅವರೆಕಾಳಿಗಿಂತ ದಪ್ಪನೆಯ ಕೆಂಪು ಹವಳ. ಆಗ ಸಣಕಲನಾಗಿದ್ದ ನಾನು ಮಾವನ ಮನೆಯ ಊಟಕ್ಕೆ ದಪ್ಪಗಾಗಿ, ಉಂಗುರ ಬೆರಳಲ್ಲೇ ಹೂತುಹೋಗಿದೆ. ಈ ಉಂಗುರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ರೋಗದ ಎಲೆ ಸಾಕಷ್ಟು ಬಂದವು. ಆದರೆ ಯಂತ್ರಕ್ಕೆ ರೋಗವಿಲ್ಲದ ಎಲೆಯನ್ನೂ ತೋರಿಸಬೇಕು. ಗಟ್ಟಿಮುಟ್ಟಾಗಿರುವವನನ್ನು ಯಾರಾದರೂ ಆಸ್ಪತ್ರೆಗೆ ಕಳಿಸುತ್ತಾರೆಯೇ? ಒಳ್ಳೆಯ ಎಲೆಯನ್ನು ಬಸ್ಸಿಗೆ ಹಾಕಿ ಕಳಿಸಿರೆಂದರೆ ಮಾವನಿಗೆ ಅದು ಅರ್ಥವೇ ಆಗಲಿಲ್ಲ. ಕೊನೆಗೆ ಸುವರ್ಣ ತವರಿಗೆ ಹೋದವಳು ಒಂದು ವಾರ ಇದ್ದು, ತಾನೇ ಒಳ್ಳೆಯ ಎಲೆಗಳ ಫೋಟೋ ತೆಗೆದು ತಂದಳು. ಬೆಳೆದ ಪೈರನ್ನು ನೆಲಕ್ಕೆ ಹಾಕಬಾರದು, ಅದು ಲಕ್ಷ್ಮಿ ಎನ್ನುವುದು ಆ ಮನೆಯ ರೂಢಿ. ಆದ್ದರಿಂದ ಪ್ರತಿಯೊಂದು ಎಲೆಯನ್ನೂ ಅವಳು ಅವರಮ್ಮನ ಫಳಫಳ ಸ್ಟೀಲ್ ತಟ್ಟೆಯಲ್ಲಿ ಮಲಗಿಸಿ ಫೋಟೋ ಹೊಡೆದಿದ್ದಳು.

ಎಲ್ಲ ಫೋಟೋಗಳನ್ನೂ ಯಂತ್ರಕ್ಕೆ ತಿನ್ನಿಸಿದೆ. ಒಂದಷ್ಟನ್ನು ಪರೀಕ್ಷೆಗೆಂದು ಬೇರೆ ಇಟ್ಟುಕೊಂಡಿದ್ದೆ, ಅದನ್ನು ತೋರಿಸಿ ಕೇಳಿದೆ. ನೂರಕ್ಕೆ ನೂರು! ನನ್ನ ಜನ್ಮದಲ್ಲಿ ನಾನು ಬರೆದ ಯಾವ ಪ್ರೋಗ್ರಾಮೂ ಇಷ್ಟು ವಿಧೇಯವಾಗಿ ನಡೆದುಕೊಂಡಿರಲಿಲ್ಲ. ಓಡಿಹೋಗಿ ನಾಗವೇಣಿ ಮೇಡಂಗೆ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ, “ನೂರಕ್ಕ ನೂರು ಬಂದ್ರ ನಾನು ಮೊದಲು ಕಾಪಿ ಚೀಟಿ ಹುಡುಕ್ತೀನಿ ಸರ್” ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ. ಅವರಿಗೆ ಚೀಟಿಯಲ್ಲಿ ಬಂದದ್ದು ಟ್ರಾಫಿಕ್ ಸಿಗ್ನಲ್ಲು. ಪಾಪ, ಕುರುಗೋಡಿನಲ್ಲಿ ಎಲ್ಲಿ ಹುಡುಕಬೇಕು ಅದನ್ನು?

ಪ್ರೋಗ್ರಾಮನ್ನು ಫೋನಿಗೆ ಹಾಕಿದೆ. ಮಾವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ ಎಂದು, ಉತ್ತರವನ್ನು ಗಟ್ಟಿಯಾಗಿ ಹೇಳುವ ಒಂದು ಹೆಣ್ಣುದನಿಯನ್ನೂ ಕೂಡಿಸಿದೆ. ಅಲ್ಲಿಗೆ ನನ್ನ ಬುದ್ಧಿವಂತಿಕೆ ಮುಗಿಯಿತು. ಒಂದು ಭಾನುವಾರ ಬೆಳಿಗ್ಗೆ ಸುವರ್ಣಳ ಜೊತೆ ತೆಕ್ಕಲಕೋಟೆಗೆ ಹೋದರೆ, ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಕಾಯುತ್ತಿದ್ದಾರೆ. ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ರೈತರು, ನಡುವೆ ಸುಬ್ಬಯ್ಯ. ಅತ್ತೆ ಒಗ್ಗರಣೆ ಮಂಡಕ್ಕಿಯನ್ನೂ ಬಿಸಿ ಮಿರ್ಚಿಯನ್ನೂ ಸುತ್ತು ಹಂಚುತ್ತಿದ್ದಾರೆ. ಒಳಗೆ ಹೋದಾಗ ಅತ್ತೆ ಸಣ್ಣ ದನಿಯಲ್ಲಿ ಹೇಳಿದರು, ಮಾವ ರಾತ್ರಿ ನಿದ್ದೆ ಮಾಡಿಲ್ಲವಂತೆ. ಇವತ್ತು ಅಳಿಯನ ಕೆಲಸ ಊರಿಗೆಲ್ಲ ತೋರಿಸುತ್ತೇನೆ ಎಂದು ವಾರದಿಂದ ಹೇಳಿಕೊಂಡು ತಿರುಗಿದ್ದಾರಂತೆ. ಯಂತ್ರ ತಪ್ಪಿದರೆ ನನ್ನ ಮಾನ ಹೋಗುವುದು ದೊಡ್ಡದಲ್ಲ, ಅದು ಹೋಗಿ ಬಂದು ಅಭ್ಯಾಸವಾಗಿದೆ. ಮಾವನದು ಹಾಗಲ್ಲ.

ಮಾವ ತಮ್ಮ ಗದ್ದೆಯಿಂದ ಅಚ್ಚ ಹಸಿರಾದ, ಒಂದು ಚುಕ್ಕೆಯಿಲ್ಲದ ಎಲೆ ತಂದಿದ್ದರು. ನಾನು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಫೋಟೋ ಹೊಡೆದೆ. ಫೋನಿನೊಳಗಿನ ಹೆಣ್ಣುಮಗಳು ಬೀದಿಗೆಲ್ಲ ಕೇಳುವ ಹಾಗೆ ‘ಬೆಂಕಿರೋಗ’ ಎಂದಳು.

ಮಂಡಕ್ಕಿ ಜಗಿಯುವ ಸದ್ದು ನಿಂತಿತು. ಮಾವ ಎಲೆಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಯಾರಿಗೂ ಅಲ್ಲದಂತೆ, “ನನ್ನ ಗದ್ದಿಗಾ?” ಎಂದರು. ಸುಬ್ಬಯ್ಯನವರು ಬಹಳ ಮರ್ಯಾದೆಯಿಂದ, “ಅಲ್ಲುಡುಗಾರು ಹೇಳಿದ ಮ್ಯಾಲ ಇರತೈತಿ ಗೌಡ್ರ. ನಮ್ಮ ಅಳಿಯನ ಅಂಗಡ್ಯಾಗ ಅದಕ್ಕ ಚಲೋ ಎಣ್ಣಿ ಐತಿ” ಎಂದರು. ಅಲ್ಲುಡುಗಾರು ಎಂದರೆ ತೆಲುಗಿನಲ್ಲಿ ಅಳಿಯಂದಿರು, ಅಂದರೆ ನಾನು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಸುಬ್ಬಯ್ಯನವರೂ ತಮ್ಮ ಗದ್ದೆಯದೊಂದು ಎಲೆ ತಂದಿದ್ದರು. ಮೈತುಂಬ ಚುಕ್ಕೆ, ಕುರುಡನೂ ರೋಗವೆಂದು ಹೇಳಬಹುದಾದದ್ದು. ನಾನು ಫೋನಿನ ಗಾಜು ಒರೆಸುತ್ತಲೇ ಕೂತದ್ದು ಕಂಡು ಸುವರ್ಣ ಎಲೆಯನ್ನೂ ಫೋನನ್ನೂ ಇಸಿದುಕೊಂಡು, ರೂಢಿಯಂತೆ ತಟ್ಟೆಯಲ್ಲಿ ಇಟ್ಟು ಫೋಟೋ ಹೊಡೆದಳು. ‘ಆರೋಗ್ಯವಂತ’ ಎಂದಿತು ಫೋನು. ಸುಬ್ಬಯ್ಯನವರು ಒಂದು ಮಿರ್ಚಿ ಹೆಚ್ಚಿಗೆ ತೆಗೆದುಕೊಂಡು, ಯಂತ್ರ ಬಹಳ ಚೆನ್ನಾಗಿದೆ ಎಂದು ಸುತ್ತಲಿನವರಿಗೆ ಹೇಳಿದರು.

ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಸಿಗ್ನಲ್ ಸರಿ ಇಲ್ಲ, ಬಿಸಿಲು ಜಾಸ್ತಿ ಎಂದು ಏನೇನೋ ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಸುವರ್ಣಳಿಗೆ ಏನೋ ಅನುಮಾನ ಬಂದಿತ್ತು. ಅವಳು ಸುಬ್ಬಯ್ಯನವರ ಎಲೆಯನ್ನು ತಟ್ಟೆಯಿಂದ ತೆಗೆದು ನನ್ನ ಅಂಗೈಗೆ ಇಟ್ಟಳು: ಬೆಂಕಿರೋಗ. ಅಪ್ಪನ ಎಲೆಯನ್ನು ತಟ್ಟೆಗೆ ಇಟ್ಟಳು: ಆರೋಗ್ಯವಂತ. ಆಮೇಲೆ ಎಲೆಯೇ ಇಲ್ಲದ ಬರೀ ತಟ್ಟೆಯ ಫೋಟೋ ಹೊಡೆದಳು: ಆರೋಗ್ಯವಂತ. ಕೊನೆಗೆ ನನ್ನ ಬರಿಗೈಯನ್ನು ಎಳೆದು ಚಾಚಿಸಿ ಫೋಟೋ ಹೊಡೆದಳು. ಫೋನು ಸ್ವಲ್ಪವೂ ಯೋಚಿಸದೆ ‘ಬೆಂಕಿರೋಗ’ ಎಂದಿತು. ಕಟ್ಟೆಯ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನನಗೆ ಆಗ ಹೊಳೆಯಿತು. ಯಂತ್ರ ಎಲೆಯನ್ನು ನೋಡಿಯೇ ಇರಲಿಲ್ಲ. ರೋಗದ ಪ್ರತಿ ಫೋಟೋದಲ್ಲೂ ಇದ್ದದ್ದು ನನ್ನ ಕೈ, ಆರೋಗ್ಯದ ಪ್ರತಿ ಫೋಟೋದಲ್ಲೂ ಇದ್ದದ್ದು ಸ್ಟೀಲ್ ತಟ್ಟೆ. ಚುಕ್ಕೆ ಹುಡುಕುವ ಕಷ್ಟ ಯಾರಿಗೆ ಬೇಕು ಎಂದು ಅದು ಸುಲಭದ ದಾರಿ ಹಿಡಿದಿತ್ತು. ನಾನೂ ವಿದ್ಯಾರ್ಥಿಯಾಗಿದ್ದಾಗ ಹೀಗೆಯೇ ಪಾಸಾದವನು. ತಡವರಿಸುತ್ತ ಇದನ್ನೆಲ್ಲ ಕಟ್ಟೆಯವರ ಮುಂದೆ ಒಪ್ಪಿಕೊಂಡೆ. ಮಾವ ಎದ್ದು ಬಂದರು. ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಕೆಂಪು ಹವಳವನ್ನೇ ನೋಡಿದರು. ಉಂಗುರ ಹೇಗೂ ಬೆರಳು ಬಿಡುವುದಿಲ್ಲ. ಅವರು ತಮ್ಮ ಒರಟು ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಮುಚ್ಚಿ, ಮಗಳಿಗೆ ಹೊಡೆ ಎಂದು ಸನ್ನೆ ಮಾಡಿದರು. ಫೋನು ‘ಆರೋಗ್ಯವಂತ’ ಎಂದಿತು. ಬೆರಳು ತೆಗೆದರು: ಬೆಂಕಿರೋಗ.

ಆಮೇಲೆ ಮಾವ ನಕ್ಕರು. ಇಪ್ಪತ್ತೆರಡು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹೊಟ್ಟೆ ಹಿಡಿದು, ಕಣ್ಣೊರೆಸಿಕೊಂಡು ನಕ್ಕರು. ನೋಡನೋಡುತ್ತ ಕಟ್ಟೆಯೆಲ್ಲ ನಕ್ಕಿತು. ನಗು ತಗ್ಗಿದ ಮೇಲೆ ಸುಬ್ಬಯ್ಯನವರ ಕಡೆ ತಿರುಗಿ ಹೇಳಿದರು: “ನಮ್ಮ ಅಳಿಯಾರು ಏನ್ ಮಾಡ್ತಾರಂತ ಕೇಳ್ತಿದ್ದಿಲ್ಲೋ? ಇವತ್ತು ನನಗ ತಿಳೀತು. ಯಂತ್ರಕ್ಕ ಸಾಲಿ ಕಲಸ್ತಾರ. ಅದೂ ಹುಡುಗರಂಗ ಐತಿ ನೋಡು, ಹೇಳಿದ್ದು ಕಲಿಯಂಗಿಲ್ಲ, ತೋರಿಸಿದ್ದು ಕಲೀತೈತಿ.” ಇಷ್ಟು ವರ್ಷ ಪಾಠ ಮಾಡಿದ ನನಗೂ ನನ್ನ ಕೆಲಸ ಇಷ್ಟು ಚೆನ್ನಾಗಿ ತಿಳಿದಿರಲಿಲ್ಲ. ಕಣ್ಣು ತುಂಬಿ ಬಂತು. ಮಿರ್ಚಿ ಖಾರ ಎಂದು ಸುಳ್ಳು ಹೇಳಿದೆ.

ಮರುದಿನದಿಂದ ಮಾವನೇ ಯಜಮಾನಿಕೆ ವಹಿಸಿಕೊಂಡರು. ರೋಗದ್ದಿರಲಿ, ಒಳ್ಳೆಯದಿರಲಿ, ಎಲ್ಲ ಎಲೆಗೂ ಒಂದೇ ತಟ್ಟೆ, ಒಂದೇ ಕಟ್ಟೆ. ಅಳಿಯಂದಿರು ಹತ್ತಿರ ಬರಕೂಡದು. ಸುಬ್ಬಯ್ಯನವರು ತಮ್ಮ ಚುಕ್ಕೆ ಎಲೆಗಳನ್ನು ತಾವೇ ತಂದು ಸರದಿಯಲ್ಲಿ ಕೂತರು, ಜೊತೆಗೆ ಮಂಡಕ್ಕಿಯ ಆಸೆಯೂ ಇತ್ತೆನ್ನಿ. ಹೊಸ ಪ್ರೋಗ್ರಾಮು ಈಗ ಹತ್ತಕ್ಕೆ ಏಳೆಂಟು ಸಲ ಸರಿ ಹೇಳುತ್ತದೆ. ನಾಗವೇಣಿ ಮೇಡಂ ಅದನ್ನು ನೋಡಿ, “ಈಗ ನಂಬ್ತೀನ್ರಿ ಸರ್. ಕಾಪಿ ಚೀಟಿ ಬೆರಳಾಗ ಇತ್ತು” ಎಂದರು. ಮಾವ ವಾರಕ್ಕೆರಡು ಸಲ ಫೋನು ಮಾಡುತ್ತಾರೆ. ಊಟದ ವಿಷಯ ಕೇಳುವುದನ್ನೇ ಮರೆತುಬಿಟ್ಟಿದ್ದಾರೆ.

ಹಳೆಯ ಪ್ರೋಗ್ರಾಮನ್ನು ಅಳಿಸೋಣವೆಂದರೆ ಸುವರ್ಣ ಬಿಡಲಿಲ್ಲ, ತನ್ನ ಫೋನಿಗೆ ಹಾಕಿಸಿಕೊಂಡಿದ್ದಾಳೆ. ಡಾಕ್ಟರು ನನಗೆ ಕರಿದದ್ದನ್ನು ಬಿಡಲು ಹೇಳಿದ್ದಾರೆ. ಸಂಜೆ ಅವಳು ಮಿರ್ಚಿ ಕರಿದು ಸ್ಟೀಲ್ ತಟ್ಟೆಯಲ್ಲಿ ಇಟ್ಟು ಫೋನು ಹಿಡಿಯುತ್ತಾಳೆ. ‘ಆರೋಗ್ಯವಂತ’ ಎನ್ನುತ್ತದೆ ಅದು. ನಾನು ಒಂದನ್ನು ಕೈಗೆತ್ತಿಕೊಳ್ಳುತ್ತೇನೆ, ‘ಬೆಂಕಿರೋಗ’. ತೆಪ್ಪಗೆ ತಟ್ಟೆಗೆ ಹಾಕುತ್ತೇನೆ. ಇಷ್ಟು ವರ್ಷದ ನನ್ನ ಸಂಶೋಧನೆಯಲ್ಲಿ ಮನೆಯ ಉಪಯೋಗಕ್ಕೆ ಬಂದದ್ದು ಇದೊಂದೇ.