ಬುಧವಾರ ಹಗಲೋ, ರಾತ್ರಿಯೋ?

ಉದೊಮ್‌ಗೆ ಆ ದಿನ ಬೆಳಿಗ್ಗೆ ಬೇಕಾಗಿದ್ದದ್ದು ಮೂರು ಊದಿನಕಡ್ಡಿ ಮತ್ತು ಒಂದು ತಾವರೆ ಮೊಗ್ಗು. ಅಷ್ಟನ್ನು ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೇಕ್ಲೊಂಗ್ ಪೇಟೆಯ ಮೀನು ಸಾಸ್ ಕಾರ್ಖಾನೆಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಸಹಾಯಕ ಮ್ಯಾನೇಜರ್. ಮ್ಯಾನೇಜರ್ ಕುರ್ಚಿ ಎರಡು ಸಲ ಖಾಲಿಯಾಗಿತ್ತು. ಎರಡು ಸಲವೂ ಉದೊಮ್ ಅದರ ಧೂಳು ಒರೆಸಿ, ಬೇರೆಯವರನ್ನು ಕೂರಿಸಿ, ಕೈಮುಗಿದಿದ್ದ. ಈಗ ಮೂರನೆಯ ಸಲ ಖಾಲಿ. ಮಧ್ಯಾಹ್ನ ಮೂರು ಗಂಟೆಗೆ ಯಜಮಾನಿ ರಚನೀ ಮೇಡಂ ಬ್ಯಾಂಕಾಕಿನಿಂದ ಬಂದು ತೀರ್ಮಾನ ಹೇಳುವವರಿದ್ದರು. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಇದು ತಪ್ಪಿದರೆ ಮುಗಿಯಿತು.

ಹಾಗಾಗಿ ಬೆಳಿಗ್ಗೆಯೇ ಗುಡಿಗೆ ಬಂದಿದ್ದ. ಅಂಗಳದಲ್ಲಿ ವಾರದ ಬುದ್ಧರು ಸಾಲಾಗಿದ್ದರು. ಹುಟ್ಟಿದ್ದು ಯಾವ ವಾರವೋ ಆ ವಾರದ ಬುದ್ಧನಿಗೆ ಅಡ್ಡಬೀಳುವುದು ಪದ್ಧತಿ. ಉದೊಮ್ ಬುಧವಾರದವನು. ಭಿಕ್ಷಾಪಾತ್ರೆ ಹಿಡಿದು ನಿಂತ ಬುದ್ಧನೇ ಅವನ ಬುದ್ಧ. ಹುಟ್ಟಿದಂದಿನಿಂದ ಅವನೆದುರಿಗೇ ಹರಕೆ, ಅವನೆದುರಿಗೇ ಅಳು.

ತಾವರೆ ಮಾರುವ ಸಂಗುವಾನಕ್ಕ ಮೊಗ್ಗು ಕೊಡುತ್ತ ಕೇಳಿದಳು, "ಬುಧವಾರ ಅಂತೀಯಲ್ಲ, ಹಗಲೋ ರಾತ್ರಿಯೋ?"

"ಬುಧವಾರ ಅಂದ್ರೆ ಬುಧವಾರ ಅಕ್ಕ."

"ಅಯ್ಯೋ ನಿನ್ನ! ಹೊತ್ತು ಮುಳುಗಿದ ಮೇಲೆ ಹುಟ್ಟಿದ್ರೆ ನಿನ್ನ ಬುದ್ಧ ಇವನಲ್ಲ ಕಣೋ. ಅಗೋ, ಆ ಕಂಬದ ಹಿಂದೆ ಆನೆ, ಕೋತಿ ಜೊತೆ ಕೂತಿದಾನಲ್ಲ, ಅವನು. ರಾತ್ರಿಯವರೆಲ್ಲ ರಾಹುವಿನ ಪಾಲು."

ಬುಧವಾರಕ್ಕೆ ಇಬ್ಬರು ಬುದ್ಧರಿರುವುದು ಉದೊಮ್‌ಗೆ ಗೊತ್ತಿರಲಿಲ್ಲವೆಂದಲ್ಲ. ಆ ಇನ್ನೊಬ್ಬ ತನ್ನವನಾಗಿರಬಹುದೆಂದು ಐವತ್ತೇಳು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕಂಬದ ಹಿಂದೆ ಇಣುಕಿದ. ಆನೆ ನೀರು ಹಿಡಿದಿತ್ತು, ಕೋತಿ ಜೇನುಗೂಡು ಹಿಡಿದಿತ್ತು. ಇಷ್ಟು ವರ್ಷ ಅವನಿಗೆ ಏನೂ ತಾರದವನು ತಾನೊಬ್ಬನೇ.

"ಯಾವ ಹೊತ್ತಲ್ಲಿ ಹುಟ್ಟಿದ್ದು ಅಂತ ನಂಗೊತ್ತಿಲ್ವಲ್ಲ ಅಕ್ಕ!"

"ಅದಕ್ಕೇ ನಿನ್ನ ತಲೆ ಹೀಗೆ ಬೋಳಾಗಿರೋದು," ಎಂದಳು ಸಂಗುವಾನಕ್ಕ, ರೋಗ ಗುರುತಿಸಿದ ವೈದ್ಯನ ಗತ್ತಿನಲ್ಲಿ. "ಐವತ್ತೇಳು ವರ್ಷ ಪಕ್ಕದ ಮನೆ ಬಾಗಿಲು ತಟ್ಟಿದೀಯ. ಯಾರು ತೆಗೀತಾರೆ?"

ಕಾರ್ಖಾನೆಗೆ ಬಂದು ಈ ಸಂಕಟವನ್ನು ಉಗ್ರಾಣದ ಪ್ರನೀಗೆ ಹೇಳಿದ. ಪ್ರನೀಗೆ ಹೇಳುವುದೂ ಒಂದೇ, ಮೀನಿನ ಪೀಪಾಯಿ ಮುಚ್ಚಳ ತೆಗೆದಿಡುವುದೂ ಒಂದೇ. ಹತ್ತು ನಿಮಿಷದಲ್ಲಿ ಸುದ್ದಿ ಗೇಟು ದಾಟಿತ್ತು.

"ಅಮ್ಮನ್ನ ಕೇಳಿ ಸಾರ್," ಎಂದಳು ಪ್ರನೀ. "ನೀವು ಹುಟ್ಟಿದಾಗ ಅವರಂತೂ ಅಲ್ಲೇ ಇದ್ದಿರ್ತಾರೆ."

ಅಮ್ಮ ಇದ್ದದ್ದು ಕಾಲುವೆಯಾಚೆಯ ಹಳ್ಳಿಯಲ್ಲಿ. ಆದರೆ ಅಂದು ಹುಣ್ಣಿಮೆ. ಎಂಬತ್ತು ದಾಟಿದ ಮುದುಕಿ ಬಿಳಿ ಬಟ್ಟೆ ಸೀರೆಯಂತೆ ಸುತ್ತಿಕೊಂಡು, ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ದೂರದ ಗುಡಿಗೆ ವ್ರತಕ್ಕೆ ಹೋಗಿಬಿಟ್ಟಿದ್ದಳು. ಬರುವುದು ಸಂಜೆಗೇ. ಉದೊಮ್ ಹಳ್ಳಿಯ ಪಟೇಲನಿಗೆ ಫೋನ್ ಮಾಡಿದ.

ಪಟೇಲ ಸುಮ್ಮನೆ ನಾಲ್ಕು ಮನೆಗೆ ಹೋಗಿ ಕೇಳಿಬರಬಹುದಿತ್ತು. ಆದರೆ ಸರ್ಕಾರ ಮೈಕು ಕೊಟ್ಟಿರುವಾಗ ಕಾಲು ಯಾಕೆ ಸವೆಸಬೇಕು? ಊರಿನ ಕಂಬಕಂಬದ ಮೇಲಿಂದ ಅವನ ದನಿ ಮೊಳಗಿತು: "ಗಮನವಿಟ್ಟು ಕೇಳಿ! ಬುನ್ಮಾ ಅಜ್ಜಿಯ ಮಗ ಉದೊಮ್‌ಗೆ ತಾನು ಯಾವ ಹೊತ್ತಿಗೆ ಹುಟ್ಟಿದೆ ಅನ್ನೋದು ಮರೆತುಹೋಗಿದೆಯಂತೆ. ಗೊತ್ತಿದ್ದೋರು ಕೂಡಲೇ ಬಂದು ತಿಳಿಸಬೇಕು!"

ಹನ್ನೊಂದೂವರೆಗೆ ಪಟೇಲನ ಫೋನು ಬಂತು. "ಏಳು ಜನ ಬಂದಿದ್ರಪ್ಪ. ಒಬ್ಬಳು, ಉದೊಮ್ ಸತ್ತು ಎಷ್ಟೋ ವರ್ಷ ಆಯ್ತಲ್ಲ ಅಂದ್ಲು. ಅವಳ ಮಾತು ಬಿಡು. ಆದ್ರೆ ಕ್ಲಾಯ್ ಮಾವ ಇದಾನಲ್ಲ, ಅವನು ಕಣ್ಣಾರೆ ನೋಡಿದಾನೆ. ಆ ಬುಧವಾರ ಕತ್ತಲಾಗಿತ್ತಂತೆ, ಕಪ್ಪೆ ವಟಗುಟ್ತಿದ್ವಂತೆ, ಲಾಟೀನು ಹಿಡಕೊಂಡು ನಿಂತಿದ್ದೋನು ಅವನೇ ಅಂತೆ. ನೀನು ಈಚೆಗೆ ಬಂದಾಗ ಮೈಯೆಲ್ಲ ಕಪ್ಪಗಿತ್ತಂತೆ."

ಸಂಶಯಕ್ಕೆ ಇನ್ನು ಜಾಗವೆಲ್ಲಿ? ಉದೊಮ್ ಕುರ್ಚಿಯಲ್ಲಿ ಕುಸಿದ.

"ಹೆದರಬೇಡಿ ಸಾರ್," ಎಂದಳು ಪ್ರನೀ, ಆಗಲೇ ಚೀಟಿ ಬರೆಯುತ್ತ. "ರಾಹುಗೆ ಎಂಟು ಕಪ್ಪು ಪದಾರ್ಥ ಇಡಬೇಕು. ಮೂರು ಗಂಟೆ ಒಳಗೆ ಇಟ್ಟುಬಿಡಿ. ಐವತ್ತೇಳು ವರ್ಷದ ಬಾಕಿ, ಕೋಳಿ ಸ್ವಲ್ಪ ದಪ್ಪದ್ದೇ ನೋಡಿ ತಗೊಳ್ಳಿ."

ನಡುಮಧ್ಯಾಹ್ನದ ಬಿಸಿಲಲ್ಲಿ ಉದೊಮ್ ಸಂತೆ ಸುತ್ತಿದ. ಬೇಯಿಸಿದ ಕರಿ ಕೋಳಿ, ಕರಿ ಮೊಟ್ಟೆ, ಕರಿ ಹುರುಳಿ, ಕರಿ ಅಂಟಕ್ಕಿ, ಕರಿ ದ್ರಾಕ್ಷಿ, ಕಪ್ಪು ಕಾಫಿ, ಕಪ್ಪು ಹೆಂಡ ಸಿಕ್ಕಿದವು. ಎಂಟನೆಯದು ಗಿಡಮೂಲಿಕೆಯ ಕಪ್ಪು ಜೆಲ್ಲಿ. ಅದನ್ನು ಮಾರುವವಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ರಬ್ಬರ್ ಬ್ಯಾಂಡ್ ಹಾಕಿ, "ಭದ್ರವಾಗಿದೆ," ಎಂದಳು. ಗುಡಿಯ ಮೆಟ್ಟಿಲು ಹತ್ತುವಾಗ ಆ ಭದ್ರತೆ ಬಿಚ್ಚಿಕೊಂಡಿತು. ಮೇಡಂ ಬರುತ್ತಾರೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿಯ ಮೇಲೆ ಕಪ್ಪು ಜೆಲ್ಲಿ ಕುತ್ತಿಗೆಯಿಂದ ಹೊಕ್ಕುಳವರೆಗೆ ನಿಧಾನವಾಗಿ ಇಳಿಯಿತು.

"ಒಳ್ಳೇ ಶಕುನ!" ಎಂದಳು ಸಂಗುವಾನಕ್ಕ. "ರಾಹು ಅಲ್ಲೇ ತಗೊಂಡ. ಒರೆಸಬೇಡ."

ಒರೆಸಲಿಲ್ಲ. ಆನೆ, ಕೋತಿಯ ಪಕ್ಕದಲ್ಲಿ ಮಂಡಿಯೂರಿ, ಕಂಬದ ಹಿಂದಿನ ಬುದ್ಧನಿಗೆ ತಲೆ ನೆಲಕ್ಕೆ ತಾಗಿಸಿ ಕ್ಷಮೆ ಕೇಳಿದ. ಏಳುವಾಗ ಭಿಕ್ಷಾಪಾತ್ರೆಯ ಬುದ್ಧನ ಕಡೆ ಕಣ್ಣು ಹೋಯಿತು. ಅಷ್ಟು ವರ್ಷದ ಬಳಕೆ ನೋಡಿ, ಉದೊಮ್‌ಗೆ ಏಕೋ ನಾಚಿಕೆಯಾಯಿತು. ಮುಖ ತಿರುಗಿಸಿಕೊಂಡು, ಎಡೆಯಿಟ್ಟ ಕೋಳಿಯನ್ನು ಪ್ರಸಾದವೆಂದು ಕಂಕುಳಲ್ಲಿ ಅವುಚಿಕೊಂಡು ಓಡಿದ.

ಮೂರು ಗಂಟೆ ಹತ್ತು ನಿಮಿಷ. ರಚನೀ ಮೇಡಂ ಆ ಕುರ್ಚಿಯ ಪಕ್ಕದಲ್ಲೇ ಕೂತಿದ್ದರು. ಬಾಗಿಲಲ್ಲಿ ಪ್ರನೀ ಮತ್ತು ಅರ್ಧ ಕಾರ್ಖಾನೆ ಕಿವಿಯಾಗಿ ನಿಂತಿತ್ತು.

"ಬನ್ನಿ ಉದೊಮ್," ಎಂದರು ಮೇಡಂ. ಅಂಗಿ ನೋಡಿದರು. ಕೋಳಿ ನೋಡಿದರು. "ಏನ್ರೀ ಇದು? ಎಣ್ಣೆ ಬಾಣಲೆಗೆ ಬಿದ್ರಾ?"

ಸುಳ್ಳು ಹೇಳಬಹುದಿತ್ತು. ಆದರೆ ಹೊಸ ಭಕ್ತಿಯ ಬಿಸಿ ಇನ್ನೂ ಆರಿರಲಿಲ್ಲ. "ಇಲ್ಲ ಮೇಡಂ," ಎಂದ, ಎದೆಯುಬ್ಬಿಸಿ. "ರಾಹು ಪೂಜೆ ಮುಗಿಸಿ ಬಂದೆ. ನಾನು ಬುಧವಾರ ರಾತ್ರಿ ಹುಟ್ಟಿದೋನು."

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ರಾತ್ರಿನಾ? ನಿಮ್ಮ ಫೈಲಲ್ಲಿ ಬರೀ ಬುಧವಾರ ಅಂತಿದೆ?"

"ಫೈಲು ತಪ್ಪು ಮೇಡಂ. ರಾತ್ರಿಯೇ. ಸಾಕ್ಷಿ ಇದೆ."

"ಛೆ, ಛೆ, ಛೆ." ಮೇಡಂ ನಿಜಕ್ಕೂ ನೊಂದಂತೆ ಕಂಡರು. "ನಾನು ಸೋಮವಾರದೋಳು. ನಮ್ಮ ಜೋಯಿಸರು, ಬುಧವಾರ ಹಗಲು ಹುಟ್ಟಿದೋರೇ ನಿಮಗೆ ಆಗಿಬರೋದು, ಅವರನ್ನೇ ಕೂರಿಸಿ, ಕಾರ್ಖಾನೆ ಉದ್ಧಾರ ಆಗತ್ತೆ ಅಂದಿದ್ರು. ಇಡೀ ಕಾರ್ಖಾನೆಯಲ್ಲಿ ಬುಧವಾರ ಅಂತ ಇದ್ದದ್ದು ನಿಮ್ಮದೊಂದೇ ಹೆಸರು. ಆದೇಶ ಟೈಪ್ ಆಗಿತ್ತು, ರುಜು ಒಂದೇ ಬಾಕಿ."

ಉದೊಮ್‌ನ ಕಂಕುಳಿಂದ ಕೋಳಿ ಜಾರಿತು.

"ಮೇಡಂ, ಹಗಲೂ ಇರಬಹುದು..."

"ಸಾಕ್ಷಿ ಇದೆ ಅಂದ್ರಲ್ಲ? ಪಾಪ, ನೀವು ಪ್ರಾಮಾಣಿಕರು, ಒಪ್ಪತೀನಿ. ಇನ್ನೇನು ಮಾಡೋದು, ನಮ್ಮ ಅಳಿಯನ್ನ ಕರೆಸಬೇಕು. ಅವನೂ ಬುಧವಾರವೇ, ಹಗಲೇ. ನಿದ್ದೆ ಮಾಡೋದೂ ಹಗಲೇ." ಮೇಡಂ ಎದ್ದರು. "ನಾಳೆ ಬರ್ತಾನೆ. ಕುರ್ಚಿ ಸ್ವಲ್ಪ ಒರೆಸಿಡಿ."

ಸಂಜೆ ಐದೂವರೆಗೆ, ಉದೊಮ್ ಮೂರನೆಯ ಸಲ ಆ ಕುರ್ಚಿ ಒರೆಸುತ್ತಿದ್ದಾಗ ಅಮ್ಮನ ಫೋನು ಬಂತು.

"ಏನೋ ಇದು, ಊರೆಲ್ಲ ಮೈಕಲ್ಲಿ ನನ್ನ ಹೆರಿಗೆ ಸುದ್ದಿ!"

"ಅಮ್ಮ, ನಾನು ಹುಟ್ಟಿದ್ದು ರಾತ್ರಿ ತಾನೇ?" ಬೇಡಿಕೊಳ್ಳುವಂತೆ ಕೇಳಿದ.

"ಯಾವ ಮುಠ್ಠಾಳ ಹೇಳಿದ್ದು? ಬೆಳಿಗ್ಗೆ ಕಣೋ! ಗುರುಗಳು ದೋಣಿಯಲ್ಲಿ ಭಿಕ್ಷಕ್ಕೆ ಬಂದಿದ್ರು. ಅವರು ಪಾತ್ರೆ ಮುಚ್ಚಳ ತೆಗೆದ್ರು, ನಾನು ಸೌಟಲ್ಲಿ ಅನ್ನ ಎತ್ತಿದೆ, ಅಷ್ಟರಲ್ಲಿ ನೋವು ಬಂತು. ಅನ್ನ ಅರ್ಧ ಪಾತ್ರೆಗೆ, ಅರ್ಧ ಕಾಲುವೆಗೆ. ಅವರು ಆಚೆ ಮನೆ ದಾಟೋದ್ರೊಳಗೆ ನೀನು ಅಳ್ತಿದ್ದೆ. ಭಿಕ್ಷಾಪಾತ್ರೆ ಬುದ್ಧನೇ ನಿನ್ನ ಬುದ್ಧ, ಚಿಕ್ಕಂದಿನಿಂದ ಹೇಳಿಕೊಟ್ಟಿಲ್ವಾ?"

ಉದೊಮ್ ಒರೆಸುತ್ತಿದ್ದ ಕುರ್ಚಿಯಲ್ಲೇ ಕೂತುಬಿಟ್ಟ. ಕೂರಬೇಕೆಂದು ಇಪ್ಪತ್ತಾರು ವರ್ಷ ಆಸೆಪಟ್ಟಿದ್ದ ಕುರ್ಚಿ.

"ಮತ್ತೆ ಕ್ಲಾಯ್ ಮಾವ... ಲಾಟೀನು ಹಿಡಿದಿದ್ದೆ ಅಂದನಂತಲ್ಲ?"

"ಹಿಡಿದಿದ್ದ, ಹಿಡಿದಿದ್ದ. ಅವತ್ತೇ ರಾತ್ರಿ ನಮ್ಮ ಎಮ್ಮೆ ಕರು ಹಾಕಿತ್ತು. ಕೊಟ್ಟಿಗೆಯಲ್ಲಿ ಲಾಟೀನು ಹಿಡಿದಿದ್ದು ಅವನೇ."

ಉದೊಮ್ ಕುರ್ಚಿ ಒರೆಸುವ ಬಟ್ಟೆಯಿಂದ ಅಂಗಿಯ ಮೇಲಿನ ಕಪ್ಪು ಕಲೆ ಉಜ್ಜಿದ. ಸಣ್ಣ ದನಿಯಲ್ಲಿ ಕೇಳಿದ, "ಆ ಕರು ಆಮೇಲೆ ಏನಾಯ್ತಮ್ಮ?"

"ಅದಕ್ಕೇನೋ, ಪುಣ್ಯವಂತ ಪ್ರಾಣಿ!" ಎಂದಳು ಅಮ್ಮ. "ಗುಡಿಯ ಗುರುಗಳು ಅದನ್ನ ನೋಡಿ ತುಂಬ ಮೆಚ್ಚಿಕೊಂಡು, ಗುಡಿಗೇ ಬಿಡಿಸ್ಕೊಂಡ್ರು. ಒಂದು ದಿನ ನೇಗಿಲು ಎಳೀಲಿಲ್ಲ. ತಿಂದ್ಕೊಂಡು, ಮಲಕ್ಕೊಂಡು, ಇಪ್ಪತ್ತಾರು ವರ್ಷ ರಾಜನ ಹಾಗೆ ಬಾಳ್ತು."