ಮಾವನ ಸ್ಕೋಪಿನಲ್ಲಿ ನಾವು

ನಮ್ಮ ಸೋದರಮಾವ ಮಾತಾಡುವುದು ಕನ್ನಡವನ್ನೇ ಎಂದು ನಾನು ಆಣೆ ಇಟ್ಟು ಹೇಳಿದರೂ ನೀವು ನಂಬುವುದಿಲ್ಲ. ನಂಬಲೇಬೇಡಿ! ಅವರ ಹೆಂಡತಿಯೇ, ಅಂದರೆ ನಮ್ಮ ಅತ್ತೆಯೇ, ಈಗೀಗ ನಂಬುವುದನ್ನು ಬಿಟ್ಟಿದ್ದಾರೆ. ಮಾವನ ಊರು ನ್ಯಾಮತಿ, ಕಸುಬು ಕಂಟ್ರಾಕ್ಟು. ಕಂಟ್ರಾಕ್ಟರ್ ಅಂದಕೂಡಲೇ ದೊಡ್ಡ ಕಾರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಕಿವಿಗೂ ಒಂದೊಂದು ಫೋನು ಅಂದುಕೊಂಡಿರೇನು? ಅಂಥದ್ದೇನಿಲ್ಲ. ಹೊನ್ನಾಳಿ ಕಡೆ ಒಂದು ದನದ ಕೊಟ್ಟಿಗೆ, ಚನ್ನಗಿರಿಯಲ್ಲಿ ಒಂದು ಗೋದಾಮಿನ ಕಾಂಪೌಂಡು, ನಡುವೆ ಯಾರದೋ ಬಚ್ಚಲುಮನೆ, ಹೀಗೆ ಹಳೇ ಮೊಪೆಡ್ ಮೇಲೆ ಸುತ್ತಾಡಿಕೊಂಡು ನೆಮ್ಮದಿಯಾಗಿದ್ದರು. ಪಾಯಕ್ಕೆ ಪಾಯ ಅನ್ನುತ್ತಿದ್ದರು, ಗಿಲಾವಿಗೆ ಗಿಲಾವು ಅನ್ನುತ್ತಿದ್ದರು. ನಮಗೂ ಅರ್ಥವಾಗುತ್ತಿತ್ತು.

ಕೆಟ್ಟಿದ್ದು ಎಲ್ಲಿ ಅಂತೀರಾ? ದಾವಣಗೆರೆಯಲ್ಲಿ ಯಾರೋ ಪುಣ್ಯಾತ್ಮರು ಸಣ್ಣ ಕಂಟ್ರಾಕ್ಟರುಗಳಿಗೆಂದು ಒಂದು ತರಬೇತಿ ಇಟ್ಟುಕೊಂಡಿದ್ದರು. ಮಧ್ಯಾಹ್ನ ಊಟ ಇದೆಯಂತೆ ಎಂದು ಮಾವ ಹೋದರು. ಊಟ ಹೇಗಿತ್ತೋ ಅವರು ಇವತ್ತಿನವರೆಗೂ ಹೇಳಿಲ್ಲ. ಆದರೆ ವ್ಯವಹಾರ ಮಾಡುವ ಕಂಟ್ರಾಕ್ಟರು ತಿಳಿದಿರಲೇಬೇಕಾದ ಪದಗಳೆಂದು ಅಲ್ಲಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ತಲೆಗೆ ತುಂಬಿಕೊಂಡು ಬಂದರು. ಸ್ಕೋಪು, ವೇರಿಯೇಷನ್ನು, ಪ್ರೊಕ್ಯೂರ್‌ಮೆಂಟು, ಹ್ಯಾಂಡೋವರು, ಡಿಫೆಕ್ಟ್ ಲಯಬಿಲಿಟಿ! ಕೊಟ್ಟಿಗೆ ಕಟ್ಟಿಸುವ ರೈತರ ಮುಂದೆ ಇವನ್ನೆಲ್ಲ ಆಡಿದರೆ ಕೇಳುವವರಾರು? ಹೊರಗೆ ಖರ್ಚಾಗದ ಮಾತುಗಳೆಲ್ಲ ಮನೆಯೊಳಗೆ ಬಂದವು.

ಒಂದು ದಿನ ನಾನು ನ್ಯಾಮತಿಗೆ ಹೋದಾಗ ಅತ್ತೆ ಸಾರಿಗೆ ಒಗ್ಗರಣೆ ಇಟ್ಟುಕೊಂಡು, "ಒಂದ್ ಕಟ್ಟು ಕೊತ್ತಂಬ್ರಿ ತಂದುಬಿಡ್ರಿ" ಅಂದರು. ಮಾವ ಕುರ್ಚಿಯಿಂದ ಏಳಲಿಲ್ಲ.

"ಬೆಳಿಗ್ಗೆ ನೀನು ಹೇಳಿದ್ದು ಬೇಳೆ, ಹುಣಸೆಹಣ್ಣು. ಅದು ನನ್ನ ಸ್ಕೋಪು. ಕೊತ್ತಂಬ್ರಿ ಅದ್ರಾಗಿರ್ಲಿಲ್ಲ. ಇದು ವೇರಿಯೇಷನ್ ಆಗ್ತೈತೆ. ಮೊದ್ಲು ಇಬ್ರೂ ಕೂತು ಒಪ್ಪಬೇಕು."

ಅತ್ತೆ ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಂಡು ಮಾವನ ಎದುರಿಗೇ ಕುಳಿತರು.

"ಹಂಗಾರೆ ಕೂತ್ಕಂಡೆ ನೋಡ್ರಿ. ಸಾರು ನನ್ನ ಸ್ಕೋಪಿನಾಗೈತೆ ಅಂತ ಯಾವಾಗ ಒಪ್ಪಿದ್ವಿ?"

ಮಾವ ಮೊಪೆಡ್ ಹತ್ತಿ ಹೋದರು. ಬರುವಾಗ ಕೊತ್ತಂಬರಿಯ ಜೊತೆಗೆ ಪುದೀನವನ್ನೂ ತಂದರು.

ಇದಕ್ಕಿಂತ ದೊಡ್ಡ ಫಜೀತಿ ಜಗಳೂರು ಕಡೆಯಲ್ಲಿ ಆಯಿತು. ನೆಂಟರ ಹುಡುಗಿಗೆ ಗಂಡು ಗೊತ್ತುಮಾಡಲು ನಾವೆಲ್ಲ ಬಿಳಿಚೋಡಿಗೆ ಹೋಗಿದ್ದೆವು. ಕುರಿ ಸಾಕಿದ ಅನುಕೂಲಸ್ಥ ಮನೆ. ಮಾತುಕತೆಯೆಲ್ಲ ಸಲೀಸಾಗಿ ಮುಗಿದು, ಇನ್ನೇನು ತಟ್ಟೆ ಬದಲಾಯಿಸಬೇಕು, ಮಾವ ಗಂಟಲು ಸರಿಮಾಡಿಕೊಂಡರು.

"ಎಲ್ಲಾ ಸರಿ ಐತ್ರೀ. ಹುಡುಗನ ಡಿಫೆಕ್ಟ್ ಲಯಬಿಲಿಟಿ ಎಷ್ಟು ದಿನ?"

ಗಂಡಿನ ತಂದೆ ಮಗನ ಮುಖ ನೋಡಿದರು. ಮಗ ನೆಲ ನೋಡಿದ. ಮಾವ ಬಿಡಿಸಿ ಹೇಳಿದರು. ಬಿಲ್ಡಿಂಗ್ ಕಟ್ಟಿ ಬೀಗದಕೈ ಕೊಟ್ಟಮೇಲೂ ಒಂದಷ್ಟು ಕಾಲ ಬಿರುಕು ಬಿಟ್ಟರೆ, ಸೋರಿದರೆ, ಕಟ್ಟಿದವನೇ ಬಂದು ಸರಿಮಾಡಿಕೊಡಬೇಕು. ಹಾಗೆಯೇ ಮದುವೆಯಾದ ಮೇಲೆ ಹುಡುಗ ಹೆಚ್ಚುಕಮ್ಮಿ ಮಾಡಿದರೆ ಹೆತ್ತವರು ಬಂದು ರಿಪೇರಿ ಮಾಡಿಕೊಡಬೇಕು, ತಪ್ಪೇನು? ಆಗ ಅಡುಗೆಮನೆ ಬಾಗಿಲಿನಿಂದ ಗಂಡಿನ ತಾಯಿ ಮಾತಾಡಿದರು.

"ಅಣ್ಣಾರೇ, ಹುಟ್ಟಿದಾಗಿಂದ ರಿಪೇರಿ ಮಾಡಿ ಮಾಡಿ ಸಾಕಾಗೇ ನಿಮಗೆ ಕೊಡ್ತಿದೀವಿ. ಇನ್ನೇನಿದ್ರೂ ನೀವೇ ನೋಡ್ಕಳ್ರಿ!"

ನಗುವಿನಲ್ಲಿ ತಟ್ಟೆ ಬದಲಾಯಿತು. ಮಾವ ಮಾತ್ರ ನಗಲಿಲ್ಲ. ದಾರಿಯುದ್ದಕ್ಕೂ, "ಆಯಮ್ಮ ಪಕ್ಕಾ ಕಂಟ್ರಾಕ್ಟರ್" ಎಂದು ಹೇಳುತ್ತಲೇ ಬಂದರು. ಅದು ಹೊಗಳಿಕೆಯೋ ಬೈಗುಳವೋ ನನಗಿನ್ನೂ ಗೊತ್ತಾಗಿಲ್ಲ.

ಇಂಥವರ ಕೈಗೆ ಯಾರಾದರೂ ಮನೆ ಕಟ್ಟಲು ಕೊಡುತ್ತಾರೆಯೇ? ನಾವು ಕೊಟ್ಟೆವು. ಕೊಡುವಂಥ ಪರಿಸ್ಥಿತಿಯಿತ್ತು. ಶಿವಮೊಗ್ಗಕ್ಕೆ ಕೊಟ್ಟಿದ್ದ ನಮ್ಮ ಮಗಳು ಚೊಚ್ಚಲ ಬಸುರಿಯಾಗಿ, ಸೀಮಂತದ ಸೀರೆ ತಂದಿಟ್ಟಮೇಲೆ, ಮಗುವನ್ನು ಕಳೆದುಕೊಂಡಳು. ಸುಧಾರಿಸಿಕೊಳ್ಳಲಿ ಎಂದು ನಮ್ಮೂರು ಚನ್ನಗಿರಿಗೆ ಕರೆತಂದೆವು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೇಳಿದ್ದಕ್ಕೆ "ಹೂಂ" ಅನ್ನುತ್ತಿದ್ದಳು, ಕೇಳದಿದ್ದರೆ ಅದೂ ಇಲ್ಲ. ಭಾನುವಾರ ಅಳಿಯಂದಿರು ಬಂದು ಎದುರಿಗೆ ಕೂತು, ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು. ನಮ್ಮದು ಬೀದಿಗೆ ಅಂಟಿಕೊಂಡ ಬಾಡಿಗೆ ಮನೆ. ಹೋಗುವವರು ಬರುವವರೆಲ್ಲ ಇಣುಕಿ, "ಅಯ್ಯೋ ಪಾಪ" ಅನ್ನುವವರೇ. ಮುಚ್ಚಿಕೊಳ್ಳಲು ಬಾಗಿಲಿರುವ ಒಂದು ಕೋಣೆ ಅವಳಿಗೆ ಬೇಕಿತ್ತು. ಊರಾಚೆ ನಮ್ಮದೊಂದು ಸೈಟು ಸುಮ್ಮನೆ ಬಿದ್ದಿತ್ತು. ಮನೆ ಬೇಗ ಏಳಬೇಕಿತ್ತು, ಅಷ್ಟೇ ನನ್ನ ಆಸೆ.

ಮಾವ ಬಂದರು. ಮೊಮ್ಮಗಳಿಗೆ ಒಂದು ಸಮಾಧಾನದ ಮಾತು? ಊಹೂಂ! ಗೋಡೆ ಏಳುತ್ತಿದ್ದ ಹಾಗೆ ಅವಳನ್ನು ಸೈಟಿಗೆ ಕರೆದುಕೊಂಡು ಹೋಗಿ ಕೈಗೆ ನೀರಿನ ಪೈಪು ಕೊಟ್ಟರು.

"ಕ್ಯೂರಿಂಗ್ ನಿನ್ನ ಸ್ಕೋಪು. ಬೆಳಿಗ್ಗೆ, ಸಂಜೆ ಗೋಡೆಗೆ ನೀರು ಬಿಡ್ಬೇಕು. ಒಣಗಿದ್ರೆ ನಿನ್ನನ್ನೇ ಕೇಳಾದು."

ನನಗೆ ಸಿಟ್ಟು ನೆತ್ತಿಗೇರಿತು. "ಮಾವ, ಹುಡುಗಿ ಹೆಂಗೈತೆ ಅಂತ ಕಾಣಲ್ವಾ ನಿಮಗೆ?" ಎಂದೆ.

"ಕಾಣ್ತೈತೆ. ಅದಕ್ಕೇ ಜೋರು ಪ್ರೆಷರಿನ ಪೈಪು ಕೊಟ್ಟಿಲ್ಲ" ಅಂದರು. ನಾನು ಗೊಂದಲದಲ್ಲಿ ಮನೆಗೆ ಬಂದೆ. ಮಗಳು ಮಾತ್ರ ಅಂದಿನಿಂದ ದಿನಾ ಚಪ್ಪಲಿ ಮೆಟ್ಟಿಕೊಂಡು ಸೈಟಿಗೆ ಹೋಗತೊಡಗಿದಳು. ಗೋಡೆಗಳ ಜೊತೆಗಾದರೂ ಮಾತಾಡುತ್ತಿದ್ದಳೋ ಏನೋ!

ಒಮ್ಮೆ ದೂರದ ನೆಂಟರೊಬ್ಬರು ಸೈಟಿಗೇ ಬಂದು, ಗೋಡೆ ನೋಡುವ ನೆಪದಲ್ಲಿ ಮಗಳನ್ನು ಕೇಳಿಯೇಬಿಟ್ಟರು. "ಏನಮ್ಮ, ಮತ್ತೆ ವಿಶೇಷ ಯಾವಾಗ?" ಮಗಳ ಕೈಯಲ್ಲಿದ್ದ ಪೈಪು ನೆಲಕ್ಕೆ ನೀರು ಸುರಿಯತೊಡಗಿತು. ಮಾವ ಇಟ್ಟಿಗೆ ರಾಶಿಯ ಹಿಂದಿನಿಂದ ಎದ್ದರು.

"ಆ ಹುಡುಗಿಗೆ ಟೈಮ್ ಎಕ್ಸ್‌ಟೆನ್ಷನ್ ಸ್ಯಾಂಕ್ಷನ್ ಆಗೈತೆ. ಯಾರೂ ಕೇಳಂಗಿಲ್ಲ."

"ಹೌದಾ? ಯಾವ ಆಸ್ಪತ್ರೇಲಿ ಕೊಟ್ರು?" ಎಂದರು ಆ ನೆಂಟರು, ಪಾಪ, ನಿಜವಾಗಿ ಗಾಬರಿಯಾಗಿ. ಮಾವ ಇಟ್ಟಿಗೆ ಎಣಿಸತೊಡಗಿದರು. ಆ ಸುದ್ದಿ ಊರಲ್ಲಿ ಹೇಗೆ ಹರಡಿತೋ ಏನೋ, ಆಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಸ್ಲ್ಯಾಬ್ ಹಾಕುವ ದಿನ ಬಂತು. ತಾರಸಿ ಬೀಳುವ ದಿನವೆಂದರೆ ನಮ್ಮ ಕಡೆ ಮನೆಯವರು ಕೆಲಸದವರಿಗೆಲ್ಲ ಊಟ ಹಾಕಬೇಕು. ನಾನು ಬೆಳಿಗ್ಗೆಯಿಂದ ಅಲ್ಲೇ ಪಕ್ಕದಲ್ಲಿ ಒಲೆ ಹೂಡಿ ಹೋಳಿಗೆ ಬೇಯಿಸುತ್ತಿದ್ದೆ. ಸೈಟಿನಲ್ಲಿ ಮಿಕ್ಸರ್ ಗಡಗಡ ಶುರುವಾಯಿತು, ಹಲಗೆಯ ಮೇಲೆ ಕಂಬಿ ಕಟ್ಟಿ ಮುಗಿದಿತ್ತು, ಆಳುಗಳು ಸಾಲಾಗಿ ನಿಂತು ಬಾಂಡ್ಲಿ ಕೈ ಬದಲಾಯಿಸುತ್ತಿದ್ದರು. ಒಂದು ಮೂಲೆಗೆ ಕಾಂಕ್ರೀಟು ಬಿದ್ದೂ ಆಗಿತ್ತು. ಅಷ್ಟರಲ್ಲಿ ಮಾವ ಮೇಲಿನಿಂದ ಕೂಗಿದರು.

"ನಿಲ್ಸ್ರಿ! ಒಂದು ಐಟಂ ಬಿಟ್ಟೋಗೈತೆ!"

ಏಣಿ ಇಳಿದವರೇ ಮೊಪೆಡ್ ಹತ್ತಿ ಹೋಗೇಬಿಟ್ಟರು! ಕಲೆಸಿದ ಕಾಂಕ್ರೀಟು ಕಾಯುತ್ತದೆಯೇ? ಬಿಸಿಲು ಬೇರೆ ಏರುತ್ತಿತ್ತು. ನಮ್ಮ ಯಜಮಾನರು ಫ್ಯಾನಿನ ಡಬ್ಬಿ ಇದೆಯಾ, ಕರೆಂಟಿನ ಪೈಪು ಇದೆಯಾ ಎಂದು ಕೆಳಗಿನಿಂದ ಒಂದೊಂದೇ ಕೂಗಿ ಕೇಳಿದರು. ಮೇಸ್ತ್ರಿ ಸಾಬರು ತಲೆ ಕೆರೆದುಕೊಂಡರು. "ಎಲ್ಲಾ ಐತೆ ಸಾರ್. ಏನು ಬಿಟ್ಟೀವಿ ಅಂತ ಖುದಾಗೇ ಗೊತ್ತು."

ನಾನು ಫೋನು ಮಾಡಿ ಕಿರುಚಿದೆ. "ಮಾವ, ಎಲ್ಲಿದೀರಾ? ಮಾಲೆಲ್ಲ ಗಟ್ಟಿಯಾಗ್ತೈತೆ!"

"ಪ್ರೊಕ್ಯೂರ್‌ಮೆಂಟಿನಾಗೆ ಇದೀನಿ" ಎಂದು ಇಟ್ಟುಬಿಟ್ಟರು. ಪ್ರೊಕ್ಯೂರ್‌ಮೆಂಟ್ ಯಾವ ಬೀದಿಯಲ್ಲಿದೆ ಎಂದು ನಮ್ಮ ಯಜಮಾನರು ನನ್ನನ್ನು ಕೇಳಿದರು.

ಮಿಕ್ಸರಿನಲ್ಲಿದ್ದದ್ದನ್ನು ದಾರಿಗೆ ಸುರಿಸಬೇಕೋ ಏನೋ ಎಂದು ಮೇಸ್ತ್ರಿ ಲೆಕ್ಕಹಾಕುವಷ್ಟರಲ್ಲಿ ಮೊಪೆಡ್ ಸದ್ದು ಕೇಳಿತು. ಮಾವ ಬೆವರಿಳಿಸಿಕೊಂಡು ಬಂದರು. ಕೈಯಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಆಗಷ್ಟೇ ಬಗ್ಗಿಸಿದ ಎರಡು ದಪ್ಪ ಕಬ್ಬಿಣದ ಕೊಂಡಿಗಳು. ಯಾರನ್ನೂ ನೋಡದೆ ನೇರವಾಗಿ ಮಗಳ ಹತ್ತಿರ ಹೋದರು. ಅವಳು ಪೈಪು ಹಿಡಿದು ನಿಂತಿದ್ದಳು.

"ಮೇಲೆ ಬಾರವ್ವ. ನಿನ್ನ ಕೋಣೆ ಮೇಲೆ ಜಾಗ ತೋರ್ಸು. ಇವನ್ನ ಈಗ್ಲೇ ಇಡ್ಬೇಕು, ಆಮೇಲೆ ಇಡಾಕೆ ಬರಲ್ಲ. ಆಮೇಲೆ ತಾರಸಿ ಕೊರೆದ್ರೆ ಸೋರ್ತೈತೆ."

ನಾವೆಲ್ಲ ಆ ಕೊಂಡಿಗಳನ್ನೇ ನೋಡಿದೆವು. ಅವು ಯಾತಕ್ಕೆಂದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಾಯಿತು. ತೊಟ್ಟಿಲು ಕಟ್ಟುವ ಕೊಂಡಿಗಳು. ಇಷ್ಟು ದಿನ ಅವಳ ಮುಂದೆ ನಾವು ಯಾರೂ ತೊಟ್ಟಿಲು ಅನ್ನುವ ಮಾತನ್ನೇ ಎತ್ತಿರಲಿಲ್ಲ. ಈ ಮನುಷ್ಯ ಅದನ್ನು ಕಬ್ಬಿಣದಲ್ಲಿ ಮಾಡಿಸಿಕೊಂಡು ಬಂದಿದ್ದರು!

ಮಗಳು ಪೈಪು ಕೆಳಗಿಟ್ಟಳು. ಏಣಿ ಹತ್ತಿದಳು. ಕಂಬಿಗಳ ಮೇಲೆ ಹುಷಾರಾಗಿ ಕಾಲಿಡುತ್ತ ಹೋಗಿ ತನ್ನ ಕೋಣೆಯ ಮೇಲೆ ನಿಂತಳು. ನಾನೂ ಹಿಂದೆಯೇ ಹತ್ತಿದೆ.

ಮಾವ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತರು. "ಇದಕ್ಕೆ ನಮ್ಮ ಕೆಲಸದಾಗೆ ಪ್ರಾವಿಷನ್ ಬಿಡಾದು ಅಂತಾರವ್ವ. ಬಳಸ್ಲೇಬೇಕು ಅಂತ ಏನಿಲ್ಲ. ತೊಟ್ಟಿಲು ಕಟ್ತೀಯೋ ಕಟ್ಟು. ಇಲ್ಲ, ಉಯ್ಯಾಲೆ ಕಟ್ಕಂಡು ನೀನೇ ಕೂತ್ಕ. ಬ್ಯಾಡ ಅನ್ಸಿದ್ರೆ ಹಂಗೇ ಬಿಡು, ಯಾರೂ ಕೇಳಾಕೆ ಬರಲ್ಲ. ಆದ್ರೆ ಜಾಗ ಇಲ್ಲ ಅಂತ ಆಗಬಾರ್ದು."

ಕೊಂಡಿ ಕೆಳಗೆ ಕೋಣೆಯೊಳಕ್ಕೆ ಇಳಿಯುವಂತೆ ಹಲಗೆಯಲ್ಲಿ ತೂತು ಕೊರೆಯಲು ಮೇಸ್ತ್ರಿ ಕೈಯಲ್ಲಿ ಡ್ರಿಲ್ಲು ಹಿಡಿದು ನಿಂತಿದ್ದರು. ಮಿಕ್ಸರು ತಿರುಗುತ್ತಲೇ ಇತ್ತು. ಮಗಳು ಬಗ್ಗಿ, ಕಿಟಕಿಯ ಕಡೆಗೆ ಗಾಳಿ ಬರುವ ಒಂದು ಜಾಗದಲ್ಲಿ ಬೆರಳಿಟ್ಟಳು.

"ಇಲ್ಲಿ" ಅಂದಳು. ಬೆರಳು ಎತ್ತದೆಯೇ ಕೇಳಿದಳು, "ಭಾರ ತಡೀತೈತಾ ಅಜ್ಜ?"

ಎಲ್ಲದಕ್ಕೂ ಒಂದು ಪದ ಇಟ್ಟುಕೊಂಡಿರುವ ನಮ್ಮ ಮಾವನಿಗೆ ಆಗ ಒಂದೂ ಸಿಗಲಿಲ್ಲ. ಹೆಗಲ ಟವಲಿನಲ್ಲಿ ಮುಖ ಮುಚ್ಚಿಕೊಂಡು ತಲೆಯನ್ನಷ್ಟೇ ಆಡಿಸಿದರು. ಮಗಳು ಅವರ ಪಕ್ಕ ಕಂಬಿಗಳ ಮೇಲೆ ಕುಳಿತು, ಮೇಸ್ತ್ರಿ ತೂತು ಕೊರೆದಮೇಲೆ ಅವರು ಕೊಟ್ಟ ತಂತಿಯಿಂದ ತಾನೇ ಕೊಂಡಿಗಳನ್ನು ಬಿಗಿಯತೊಡಗಿದಳು. ತಂತಿ ತಿರುವುತ್ತ ತಿರುವುತ್ತ, ಎಷ್ಟೋ ತಿಂಗಳ ಮೇಲೆ, ನಮ್ಮೆಲ್ಲರ ಮುಂದೆ ಜೋರಾಗಿ ಅಳುತ್ತಿದ್ದಳು.